ನಲವತ್ತರ ಪಟ್ಟಿಯಲ್ಲಿ ಮಾಗದ ಪ್ರತಿಭೆಗೆ ಜಾಗ ಕೊಡಬೇಕೇ?

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದೊಂದು ತಂಡದ ಕೈಕೆಳಗೆ, ಮೈನರ್ ಲೀಗ್‌ನ ಬೇರೆ ಬೇರೆ ಹಂತಗಳಲ್ಲಿ, ನೂರಕ್ಕೂ ಹೆಚ್ಚು ಯುವಕರು ಆಡುತ್ತಿರುತ್ತಾರೆ. ಹದಿನೆಂಟು ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವರನ್ನು ಐದು ಋತುಗಳೊಳಗೆ, ಹತ್ತೊಂಬತ್ತು ಮತ್ತು ಅದಕ್ಕೂ ಮೇಲಿನ ವಯಸ್ಸಿನಲ್ಲಿ ಸಹಿ ಹಾಕಿದವರನ್ನು ನಾಲ್ಕು ಋತುಗಳೊಳಗೆ ತಂಡವು ತನ್ನ ನಲವತ್ತು ಆಟಗಾರರ ಪಟ್ಟಿಗೆ ಸೇರಿಸಿಕೊಳ್ಳಬೇಕು. ನವೆಂಬರ್ ನಡುಭಾಗದ ಗಡುವಿನೊಳಗೆ ಸೇರಿಸದಿದ್ದರೆ, ಡಿಸೆಂಬರ್‌ನಲ್ಲಿ ನಡೆಯುವ ರೂಲ್ ಫೈವ್ ಡ್ರಾಫ್ಟ್‌ನಲ್ಲಿ ಬೇರೊಂದು ತಂಡ 1 ಲಕ್ಷ ಡಾಲರ್ ಕೊಟ್ಟು ಆ ಆಟಗಾರನನ್ನು ಎತ್ತಿಕೊಂಡು ಹೋಗಬಹುದು. ಹಾಗೆ ಒಯ್ದ ತಂಡ ಮುಂದಿನ ಋತುವಿಡೀ ಅವನನ್ನು ಮುಖ್ಯ ತಂಡದ 26 ಜನರಲ್ಲಿ ಇಟ್ಟುಕೊಳ್ಳಬೇಕು. ಆಗದಿದ್ದರೆ, ಉಳಿದ ತಂಡಗಳೂ ಬೇಡವೆಂದ ಮೇಲೆ, 50 ಸಾವಿರ ಡಾಲರ್‌ಗೆ ಅವನನ್ನು ಮೂಲ ತಂಡಕ್ಕೆ ಮರಳಿಸಲು ಮುಂದಾಗಬೇಕು. ಐಪಿಎಲ್ ಮಹಾಹರಾಜಿಗೆ ಮುನ್ನ ಯಾರನ್ನು ಉಳಿಸಿಕೊಳ್ಳಬೇಕೆಂದು ಬೆಂಗಳೂರಿನಲ್ಲಿ ನಡೆಯುವ ವಾದಗಳನ್ನು ಬಲ್ಲ ಓದುಗರಿಗೆ ಈ ನವೆಂಬರ್ ತಿಂಗಳ ಸಂಕಟ ಅಪರಿಚಿತವಲ್ಲ. ಇನ್ನೂ ಕೆಳ ಹಂತದಲ್ಲಿರುವ, ಆದರೆ ಅಪಾರ ಸಾಮರ್ಥ್ಯ ತೋರಿದ ಹುಡುಗನಿಗೆ ತಂಡವು ಈ ಪಟ್ಟಿಯಲ್ಲಿ ಜಾಗ ಕೊಡಬೇಕೇ ಎಂಬ ಪ್ರಶ್ನೆಗೆ ಇಬ್ಬರು ಲೇಖಕರ ಉತ್ತರಗಳು ಇಲ್ಲಿವೆ.

ಪರ: ಕೊನೆಯ ಜಾಗ ಹುಡುಗನಿಗೇ ಸಿಗಲಿ

ಯಾವುದೇ ತಂಡದ ನಲವತ್ತರ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ ನೋಡಬೇಕು. ಮೊದಲ ಮೂವತ್ತು ಮೂವತ್ತೈದು ಹೆಸರುಗಳ ಬಗ್ಗೆ ಯಾರಿಗೂ ತಕರಾರಿರುವುದಿಲ್ಲ. ಕೊನೆಯ ನಾಲ್ಕೈದು ಜಾಗಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವವರು ಮೂವತ್ತರ ಆಸುಪಾಸಿನ ಒಬ್ಬ ರಿಲೀವರ್ (ಪಂದ್ಯದ ನಡುವೆ ಬಂದು ಚೆಂಡೆಸೆಯುವ ಪಿಚರ್), ಮೂರನೆಯ ಕ್ಯಾಚರ್, ಕಳೆದ ಎರಡು ವರ್ಷಗಳಲ್ಲಿ ಮೂರು ತಂಡ ಬದಲಿಸಿದ ಒಬ್ಬ ಔಟ್‌ಫೀಲ್ಡರ್. ಇವರು ಕೆಟ್ಟ ಆಟಗಾರರಲ್ಲ. ಆದರೆ ಇಂಥವರು ವರ್ಷದ ಯಾವ ತಿಂಗಳಲ್ಲಿ ಬೇಕಾದರೂ ಸಿಗುತ್ತಾರೆ, ಮಾರ್ಚ್‌ನಲ್ಲಿ ಬೇರೆ ತಂಡಗಳು ಕೈಬಿಡುವವರ ಸಾಲಿನಿಂದ ಚಿಲ್ಲರೆ ಹಣಕ್ಕೆ ಆರಿಸಿಕೊಳ್ಳಬಹುದು. ಗಂಟೆಗೆ 98 ಮೈಲಿ ವೇಗದಲ್ಲಿ ಚೆಂಡೆಸೆಯುವ ಇಪ್ಪತ್ತೊಂದರ ಹುಡುಗ ಮಾತ್ರ ಹಾಗೆ ಸಿಗುವುದಿಲ್ಲ. ಎಲ್ಲೆಂದರಲ್ಲಿ ಸಿಗುವುದನ್ನು ಭದ್ರವಾಗಿ ಬೀಗ ಹಾಕಿಟ್ಟು, ಮತ್ತೆ ಸಿಗದಿರುವುದನ್ನು ಬಾಗಿಲಾಚೆ ಬಿಡುವ ಆಡಳಿತವನ್ನು ವಿವೇಕಿ ಎಂದು ಕರೆಯಲು ನನಗೆ ಸಾಧ್ಯವಿಲ್ಲ.

ಈ ವಾದಕ್ಕೆ ಆಧಾರ ಬೇಕಿದ್ದವರು 1954ಕ್ಕೆ ಹೋಗಬೇಕು. ಆ ವರ್ಷ ಬ್ರೂಕ್ಲಿನ್ ಡಾಡ್ಜರ್ಸ್ ತಂಡವು ಪೋರ್ಟೊ ರಿಕೊದ ರೊಬೆರ್ಟೊ ಕ್ಲೆಮೆಂಟೆ ಎಂಬ ಹತ್ತೊಂಬತ್ತರ ಯುವಕನಿಗೆ 10 ಸಾವಿರ ಡಾಲರ್ ಬೋನಸ್ ಕೊಟ್ಟು ಸಹಿ ಹಾಕಿಸಿಕೊಂಡಿತು. 4 ಸಾವಿರ ಡಾಲರ್‌ಗಿಂತ ಹೆಚ್ಚು ಬೋನಸ್ ಪಡೆದವನನ್ನು ಮುಖ್ಯ ತಂಡದಲ್ಲಿ ಇಟ್ಟುಕೊಳ್ಳದಿದ್ದರೆ ಅವನು ಡ್ರಾಫ್ಟ್‌ಗೆ ತೆರೆದುಕೊಳ್ಳುತ್ತಾನೆ ಎಂಬುದು ಅಂದಿನ ನಿಯಮವಾಗಿತ್ತು. ಗೊತ್ತಿದ್ದೂ ಡಾಡ್ಜರ್ಸ್ ಅವನನ್ನು ಮಾಂಟ್ರಿಯಲ್‌ನ ಮೈನರ್ ಲೀಗ್ ತಂಡಕ್ಕೆ ಕಳಿಸಿತು. ಅಲ್ಲಿ ಅವನು 87 ಪಂದ್ಯಗಳಲ್ಲಿ ಕಾಣಿಸಿಕೊಂಡರೂ ಅಧಿಕೃತವಾಗಿ ಬ್ಯಾಟ್ ಮಾಡಿದ್ದು 148 ಸಲ ಮಾತ್ರ. ಬೇರೆಯವರ ಕಣ್ಣಿಗೆ ಬೀಳದಿರಲೆಂದೇ ಅವನನ್ನು ಬೆಂಚಿನ ಮೇಲೆ ಕೂರಿಸಿದ್ದರು ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಈಚಿನ ಸಂಶೋಧಕರು ಅದನ್ನು ಪೂರ್ತಿ ಒಪ್ಪುವುದಿಲ್ಲ. ಅಡಗಿಸಿದ್ದರೂ ಅಷ್ಟೇ, ಅಡಗಿಸದಿದ್ದರೂ ಅಷ್ಟೇ. ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಸ್ಕೌಟ್ ಕ್ಲೈಡ್ ಸೂಕ್‌ಫೋರ್ತ್ ಅವನನ್ನು ನೋಡಿಯೇ ನೋಡಿದರು, ಆ ಋತುವಿನಲ್ಲಿ ಕಟ್ಟಕಡೆಯ ಸ್ಥಾನದಲ್ಲಿದ್ದ ಪೈರೇಟ್ಸ್‌ಗೆ ಮೊದಲ ಆಯ್ಕೆಯ ಹಕ್ಕು ಸಿಕ್ಕಿತು, ನವೆಂಬರ್ 22ರಂದು 4 ಸಾವಿರ ಡಾಲರ್‌ಗೆ ಕ್ಲೆಮೆಂಟೆ ಕೈಬದಲಾದನು. ಪೈರೇಟ್ಸ್ ಪರವಾಗಿಯೇ ಕೊನೆಯವರೆಗೂ ಆಡಿ 3,000 ಹಿಟ್‌ಗಳನ್ನು ಪೂರೈಸಿ, ನಾಲ್ಕು ಬಾರಿ ಬ್ಯಾಟಿಂಗ್ ಸರಾಸರಿಯಲ್ಲಿ ಲೀಗ್‌ಗೆ ಮೊದಲಿಗನಾಗಿ, 1960 ಮತ್ತು 1971ರಲ್ಲಿ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ತಂಡಗಳಲ್ಲಿದ್ದ ಆ ಮಹಾನ್ ಆಟಗಾರ 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಪರಿಹಾರ ಸಾಮಗ್ರಿ ಒಯ್ಯುತ್ತಿದ್ದಾಗ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಹೆಸರಿನ ಮುಂದೆ ಡಾಡ್ಜರ್ಸ್ ಎಂಬ ಪದ ಎಲ್ಲಿಯೂ ಬರುವುದಿಲ್ಲ.

ಅದು ಹಳೆಯ ಕಾಲ, ಇಂದಿನ ತಂಡಗಳ ಬಳಿ ಕ್ಯಾಮೆರಾ, ಕಂಪ್ಯೂಟರ್, ಅಂಕಿ ಅಂಶ ಎಲ್ಲವೂ ಇವೆ ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ಅವರು ಗ್ಯಾರೆಟ್ ವಿಟ್ಲಾಕ್‌ನ ಪ್ರಸಂಗವನ್ನು ನೋಡಬಹುದು. 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಈ ಪಿಚರ್‌ಗೆ, ಕೋವಿಡ್‌ನಿಂದಾಗಿ ಮೈನರ್ ಲೀಗ್ ನಡೆಯದೇ ಹೋದ 2020ರಲ್ಲಿ ಆಡುವ ಅವಕಾಶವೇ ಇರಲಿಲ್ಲ. ಯಾಂಕೀಸ್ ತಂಡ ಅವನನ್ನು ಪಟ್ಟಿಗೆ ಸೇರಿಸಲಿಲ್ಲ. ಎತ್ತಿಕೊಂಡು ಹೋದದ್ದು ಬೇರೆ ಯಾರೂ ಅಲ್ಲ, ಬದ್ಧ ವೈರಿ ರೆಡ್ ಸಾಕ್ಸ್. 2021ರಲ್ಲಿ ವಿಟ್ಲಾಕ್ ಒಂಬತ್ತು ಇನಿಂಗ್ಸ್‌ಗೆ ಸರಾಸರಿ 1.96 ರನ್ ಮಾತ್ರ ಬಿಟ್ಟುಕೊಟ್ಟನು, ಆ ವರ್ಷ ಯಾಂಕೀಸ್ ಪ್ಲೇಆಫ್‌ನ ವೈಲ್ಡ್ ಕಾರ್ಡ್ ಪಂದ್ಯದಲ್ಲಿ ಸೋತು ಹೊರಬಿದ್ದದ್ದೂ ರೆಡ್ ಸಾಕ್ಸ್ ಎದುರಿಗೇ. ಹ್ಯೂಸ್ಟನ್ ಆಸ್ಟ್ರೋಸ್ 1999ರಲ್ಲಿ ಬಿಟ್ಟುಕೊಟ್ಟ ಯೋಹಾನ್ ಸಾಂಟಾನಾ ಮಿನೆಸೋಟ ಟ್ವಿನ್ಸ್ ಸೇರಿ 2004 ಮತ್ತು 2006ರಲ್ಲಿ, ವರ್ಷದ ಅತ್ಯುತ್ತಮ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿಯನ್ನು ಗೆದ್ದನು. 2024ರ ಡ್ರಾಫ್ಟ್‌ನಲ್ಲಿ ಮಿಲ್ವಾಕೀ ಬ್ರೂವರ್ಸ್ ಕಳೆದುಕೊಂಡ ಶೇನ್ ಸ್ಮಿತ್ ಮರುವರ್ಷವೇ ಶಿಕಾಗೊ ವೈಟ್ ಸಾಕ್ಸ್‌ನ ಪ್ರತಿನಿಧಿಯಾಗಿ ಆಲ್‌ಸ್ಟಾರ್ ತಂಡ ಸೇರಿದನು.

ಕೆಲವು ತಂಡಗಳು ಡ್ರಾಫ್ಟ್‌ಗೆ ಬಿಡುವ ಬದಲು ಗಡುವಿನ ಮುನ್ನಾ ದಿನಗಳಲ್ಲಿ ಹುಡುಗರನ್ನು ಅದಲು ಬದಲು ಮಾಡಿಕೊಂಡು ಇದೇ ಜಾಣತನ ಎಂದು ಬೀಗುತ್ತವೆ. ಟ್ಯಾಂಪಾ ಬೇ ರೇಸ್ 2019ರ ನವೆಂಬರ್‌ನಲ್ಲಿ ಕ್ರಿಸ್ಟೋಫರ್ ಸ್ಯಾಂಚೆಸ್ ಎಂಬ ಎಡಗೈ ಪಿಚರ್‌ಗೆ ಜಾಗ ಹೊಂದಿಸಲಾಗದೆ, ಅವನನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟು ಕರ್ಟಿಸ್ ಮೀಡ್ ಎಂಬ ಆಸ್ಟ್ರೇಲಿಯಾದ ಹುಡುಗನನ್ನು ಪಡೆಯಿತು. ಸ್ಯಾಂಚೆಸ್ 2025ರಲ್ಲಿ ನ್ಯಾಷನಲ್ ಲೀಗ್‌ನ ಸೈ ಯಂಗ್ ಮತದಾನದಲ್ಲಿ ಎರಡನೆಯವನಾಗಿ ನಿಂತನು; ಅದೇ ವರ್ಷ ರೇಸ್ ಮೀಡ್‌ನನ್ನು ಬೇರೆ ತಂಡಕ್ಕೆ ಸಾಗಹಾಕಿತ್ತು.

ಪಟ್ಟಿಗೆ ಬೇಗ ಸೇರಿಸಿದರೆ ಆಪ್ಷನ್ ವರ್ಷಗಳು, ಅಂದರೆ ಪಟ್ಟಿಯಲ್ಲಿದ್ದವನನ್ನು ಮೈನರ್ ಲೀಗ್‌ಗೆ ಕಳಿಸಬಹುದಾದ ಋತುಗಳು, ಬೇಗ ಮುಗಿಯುತ್ತವೆ ಎಂಬ ಲೆಕ್ಕವನ್ನು ಎದುರು ಬದಿಯವರು ಮುಂದಿಡಬಹುದು. ಕೆಲವರಿಗೆ ನಾಲ್ಕನೆಯ ಆಪ್ಷನ್ ವರ್ಷವೂ ದೊರೆಯುತ್ತದೆ ಎಂದಷ್ಟೇ ಹೇಳಿ, ಆ ಗುಮಾಸ್ತಗಿರಿಯನ್ನು ಅವರಿಗೇ ಬಿಡುತ್ತೇನೆ. ಇಂಥ ಲೆಕ್ಕದ ಹಿಂದೆ ಸಾಮಾನ್ಯವಾಗಿ ಇರುವುದು ಹಳೆಯ ರಿಲೀವರ್‌ನ ಮೇಲಿನ ಮೋಹ ಮತ್ತು ಬರುವ ಏಪ್ರಿಲ್ ತಿಂಗಳ ಒಂದೆರಡು ಪಂದ್ಯಗಳ ಭಯ. ಕಳೆದುಕೊಂಡ ಹುಡುಗನ ಹೆಸರು ಮಾತ್ರ ಮುಂದಿನ ಇಪ್ಪತ್ತು ವರ್ಷಗಳ ಕಾಲ ಎದುರಾಳಿ ತಂಡದ ಬ್ಯಾಟಿಂಗ್ ಕ್ರಮದಲ್ಲಿ ಕಾಣಿಸುತ್ತಲೇ ಇರಬಹುದು.

ವಿರೋಧ: ಎಲ್ಲ ಹುಡುಗನೂ ಕ್ಲೆಮೆಂಟೆ ಅಲ್ಲ

ಈ ಚರ್ಚೆಯಲ್ಲಿ ವಿರೋಧದ ಬದಿಯನ್ನು ಸಂಪಾದಕರು ನನಗೆ ಒಪ್ಪಿಸಿದ್ದಾರೆ, ನಾನಾಗಿ ಬಯಸಿ ಪಡೆದದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೂ ಈ ಬದಿಯಲ್ಲಿ ತಿರುಳಿಲ್ಲದೆ ಇಲ್ಲ.

ಕ್ಲೆಮೆಂಟೆ ಹೆಸರು ಬಂದೊಡನೆ ಎಲ್ಲರೂ ಮೌನವಾಗುತ್ತಾರೆ. ಆದರೆ ಕ್ಲೆಮೆಂಟೆಯನ್ನು ಕಳೆದುಕೊಂಡ ಡಾಡ್ಜರ್ಸ್ ಮರುವರ್ಷವೇ, ಅಂದರೆ 1955ರಲ್ಲಿ, ತನ್ನ ಇತಿಹಾಸದ ಮೊದಲ ವರ್ಲ್ಡ್ ಸೀರೀಸ್ ಗೆದ್ದಿತು. ಲಾಸ್ ಏಂಜಲಿಸ್‌ಗೆ ನೆಲೆ ಬದಲಿಸಿದ ಮೇಲೆ 1959, 1963 ಮತ್ತು 1965ರಲ್ಲಿ ಮತ್ತೆ ಗೆದ್ದಿತು. ಸ್ಯಾಂಚೆಸ್‌ನನ್ನು ಬಿಟ್ಟುಕೊಟ್ಟ ರೇಸ್ 2020ರಲ್ಲಿ ವರ್ಲ್ಡ್ ಸೀರೀಸ್‌ವರೆಗೆ ಹೋಯಿತು, 2019ರಿಂದ 2023ರವರೆಗೆ ಪ್ರತಿ ವರ್ಷವೂ ಪೋಸ್ಟ್‌ಸೀಸನ್ (ಪ್ಲೇಆಫ್) ಆಡಿತು. ಹುಡುಗ ಹೋದರೆ ಮನೆಯೇ ಮುಳುಗಿತು ಎಂಬಂತೆ ಮಾತಾಡುವವರು ಈ ವರ್ಷಗಳನ್ನು ಹೇಗೆ ವಿವರಿಸುತ್ತಾರೋ ನನಗೆ ತಿಳಿಯದು.

ಆಪ್ಷನ್ ವಿಷಯ ಗುಮಾಸ್ತಗಿರಿಯಲ್ಲ, ಇಡೀ ಪ್ರಶ್ನೆಯ ನಡುಗಂಬವೇ ಅದು. ಪಟ್ಟಿಗೆ ಸೇರಿದ ಆಟಗಾರನನ್ನು ಮೈನರ್ ಲೀಗ್‌ಗೆ ಕಳಿಸಿದ ಒಂದೊಂದು ಋತುವಿಗೂ ಒಂದು ಆಪ್ಷನ್ ಖರ್ಚಾಗುತ್ತದೆ, ಸಾಮಾನ್ಯವಾಗಿ ಸಿಗುವುದು ಮೂರೇ, ನಾಲ್ಕನೆಯದು ಎಲ್ಲರಿಗೂ ದೊರೆಯುವಂಥದ್ದಲ್ಲ. ಮೈನರ್ ಲೀಗ್‌ನ ಕೆಳಗಿನ ಎ ಹಂತದಲ್ಲಿ ಇನ್ನೂ ಸ್ಟ್ರೈಕ್ (ಗುರಿಯೊಳಗಿನ ಎಸೆತ) ಎಸೆಯಲು ಕಲಿಯುತ್ತಿರುವ ಪಿಚರ್‌ನನ್ನು ಇಂದು ಪಟ್ಟಿಗೆ ಸೇರಿಸಿದರೆ, ಅವನು ಡಬಲ್-ಎ ಮತ್ತು ಟ್ರಿಪಲ್-ಎ ಎಂಬ ಮೇಲಿನ ಹಂತಗಳನ್ನು ದಾಟಿ, ನಡುವೆ ಒಮ್ಮೆ ಗಾಯಗೊಂಡು ಚೇತರಿಸಿಕೊಳ್ಳುವಷ್ಟರಲ್ಲಿ ಮೂರೂ ಮುಗಿದಿರುತ್ತವೆ. ಆಮೇಲೆ ಅವನು ಸಿದ್ಧನಾಗಿರಲಿ ಆಗದಿರಲಿ, ಮುಖ್ಯ ತಂಡದಲ್ಲಿ ಇರಿಸಿಕೊಳ್ಳಬೇಕು, ಇಲ್ಲವೇ ಬೇರೆ ತಂಡಗಳೆಲ್ಲ ಕೈಹಾಕಬಹುದಾದ ವೇವರ್‌ಗೆ ಬಿಡಬೇಕು. ರೂಲ್ ಫೈವ್‌ನಲ್ಲಿ ಒಯ್ದ ತಂಡಕ್ಕಾದರೂ ವರ್ಷವಿಡೀ ಇಟ್ಟುಕೊಳ್ಳುವ ಷರತ್ತಿದೆ, ಹುಡುಗ ಮರಳಿ ಬರುವ ಸಾಧ್ಯತೆ ಇದೆ. ವೇವರ್‌ನಲ್ಲಿ ಹೋದವನು ಹೋದಂತೆಯೇ. ಇದಕ್ಕೆ ನವೆಂಬರ್‌ನ ಇಕ್ಕಟ್ಟು ಬೇರೆ ಸೇರುತ್ತದೆ. ಋತುವಿನ ನಡುವೆ ದೀರ್ಘ ಗಾಯಾಳುಗಳನ್ನು 60 ದಿನಗಳ ಪಟ್ಟಿಗೆ ಸರಿಸಿ ಜಾಗ ಮಾಡಿಕೊಳ್ಳಬಹುದು, ಆದರೆ ವರ್ಲ್ಡ್ ಸೀರೀಸ್ ಮುಗಿದ ಕೆಲವೇ ದಿನಗಳಲ್ಲಿ ಅವರೆಲ್ಲರೂ ನಲವತ್ತರೊಳಗೆ ಮರಳಬೇಕು.

ಎತ್ತಿಕೊಂಡು ಹೋದವರ ಗತಿಯನ್ನೂ ನೋಡಬೇಕು. ಬಹುಪಾಲು ಹುಡುಗರು ಋತು ಮುಗಿಯುವ ಮೊದಲೇ ಮರಳುತ್ತಾರೆ. ಉಳಿದವರಲ್ಲಿ ಕೆಲವರು ಬೆಂಚಿನ ಮೇಲೆ ಕೂತು ಒಂದು ವರ್ಷ ಕಳೆಯುತ್ತಾರೆ. 2017ರಲ್ಲಿ ಸ್ಯಾನ್ ಡಿಯಾಗೊ ಪ್ಯಾಡ್ರೆಸ್ ಇಂಥ ಮೂವರನ್ನು ವರ್ಷವಿಡೀ ಉಳಿಸಿಕೊಂಡಿತು. ಅವರಲ್ಲಿ ಅಲೆನ್ ಕೊರ್ಡೋಬ ಅದಕ್ಕೂ ಮೊದಲು ಎ ಹಂತಕ್ಕೂ ಕೆಳಗಿನ ರೂಕಿ ಲೀಗ್‌ಗಿಂತ ಮೇಲೆ ಆಡಿರಲೇ ಇಲ್ಲ. ಮರುವರ್ಷ ಅವನನ್ನು ಎ ಹಂತಕ್ಕೆ ಇಳಿಸಬೇಕಾಯಿತು. 2010ರಲ್ಲಿ ಟೊರಾಂಟೊ ಪರ 54 ಹೋಮ್ ರನ್ ಹೊಡೆದ ಹೊಸೆ ಬಟಿಸ್ಟಾ ಕೂಡ ರೂಲ್ ಫೈವ್‌ನಲ್ಲಿ ಹೋದವನೇ. 2004ರ ಒಂದೇ ವರ್ಷದಲ್ಲಿ ಬಾಲ್ಟಿಮೋರ್, ಟ್ಯಾಂಪಾ ಬೇ, ಕಾನ್ಸಾಸ್ ಸಿಟಿಗಳನ್ನು ಸುತ್ತಿ, ನ್ಯೂಯಾರ್ಕ್ ಮೆಟ್ಸ್ ಮೂಲಕ ಅವನು ಕೊನೆಗೆ ಬಂದು ಸೇರಿದ್ದು ತನ್ನನ್ನು ಬಿಟ್ಟುಕೊಟ್ಟಿದ್ದ ಪಿಟ್ಸ್‌ಬರ್ಗ್‌ಗೇ.

ನಾನು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದೇನೆ. ತಂಡಗಳೇ ವಸತಿ ಒದಗಿಸಬೇಕೆಂಬ ವ್ಯವಸ್ಥೆ 2022ರಲ್ಲಿ ಬರುವ ಮೊದಲು ಮೈನರ್ ಲೀಗ್ ಹುಡುಗರನ್ನು ಊರಿನ ಕುಟುಂಬಗಳು ಮನೆಯಲ್ಲಿ ಇರಿಸಿಕೊಳ್ಳುತ್ತಿದ್ದವು, ನಮ್ಮ ಮನೆಯಲ್ಲೂ 2018ರ ಬೇಸಿಗೆಯಲ್ಲಿ ಕೆರಿಬಿಯನ್ ಕಡೆಯ ಒಬ್ಬ ಪಿಚರ್ ಇದ್ದ. ಆಗ ಎ ಹಂತದಲ್ಲಿ ಕನಿಷ್ಠ ವೇತನ ವಾರಕ್ಕೆ 290 ಡಾಲರ್, ಅದೂ ಋತು ನಡೆಯುವ ತಿಂಗಳುಗಳಲ್ಲಿ ಮಾತ್ರ. ಅದರಲ್ಲಿ ಅರ್ಧದಷ್ಟನ್ನು ಅವನು ಊರಿಗೆ ಕಳಿಸುತ್ತಿದ್ದ. ರಾತ್ರಿ ಪಂದ್ಯ ಮುಗಿಸಿ ಬಂದವನಿಗೆ ನನ್ನ ಹೆಂಡತಿ ಅನ್ನ ಹುಳಿ ಬಡಿಸುತ್ತಿದ್ದಳು; ಮೊದಮೊದಲು ಖಾರಕ್ಕೆ ಕಣ್ಣೀರು ಹಾಕಿದವನು ಜುಲೈ ವೇಳೆಗೆ ಉಪ್ಪಿನಕಾಯಿ ಕೇಳಿ ಹಾಕಿಸಿಕೊಳ್ಳುವಷ್ಟಾದ. ಚೆಂಡು ಬಿರುಸಾಗಿ ಹೋಗುತ್ತಿತ್ತು, ಆದರೆ ಎಲ್ಲಿಗೆ ಹೋಗುತ್ತದೆಂದು ಅವನಿಗೂ ಖಚಿತವಿರಲಿಲ್ಲ. ಆ ನವೆಂಬರ್‌ನಲ್ಲಿ ಅವನ ಹೆಸರು ಪಟ್ಟಿಗೆ ಸೇರಲಿಲ್ಲ. ಅವನಿಗೆ ದುಃಖವಾಗಿರಬಹುದೆಂದು ಫೋನ್ ಮಾಡಿದರೆ ಅವನು ಉತ್ಸಾಹದಲ್ಲಿದ್ದ: ಡಿಸೆಂಬರ್‌ನಲ್ಲಿ ಯಾರಾದರೂ ಎತ್ತಿಕೊಂಡರೆ ನೇರವಾಗಿ ಮೇಜರ್ ಲೀಗ್, 2019ರ ಕನಿಷ್ಠ ಸಂಬಳ 5.55 ಲಕ್ಷ ಡಾಲರ್, ಅಮ್ಮನಿಗೆ ಮನೆ. ಯಾರೂ ಎತ್ತಿಕೊಳ್ಳಲಿಲ್ಲ. ಮುಂದೊಂದು ವರ್ಷ ಆಡಿಸಿ ಅವನನ್ನು ಕೈಬಿಟ್ಟರು, ಬಳಿಕ ಕೆಲಕಾಲ ಮೆಕ್ಸಿಕೋದಲ್ಲಿ ಆಡಿದ. ಪಟ್ಟಿಗೆ ಸೇರಿಸಿದ್ದರೆ ಅವನ ಸಂಬಳ ಹಲವು ಪಟ್ಟು ಏರುತ್ತಿತ್ತು ಎಂಬುದು ನಿಜ, ಅದು ನನ್ನ ಬದಿಗೆ ಒಗ್ಗುವ ಸಂಗತಿಯಲ್ಲ. ಆದರೂ ತಂಡದ ತೀರ್ಮಾನ ತಪ್ಪಾಗಿತ್ತೆಂದು ಹೇಳಲಾರೆ. ಈ ನಿಯಮ ಇರುವುದೇ ಶ್ರೀಮಂತ ತಂಡವೊಂದು ಹುಡುಗರನ್ನು ಕೂಡಿಹಾಕಿಕೊಂಡು ಕೆಳ ಹಂತದಲ್ಲೇ ಕೊಳೆಸಬಾರದೆಂದು. ಅವನು ಆ ಡಿಸೆಂಬರ್‌ನಲ್ಲಿ ಬಯಸಿದ್ದೂ ತೆರೆದ ಬಾಗಿಲನ್ನೇ.

ನನ್ನ ಕೈಗೆ ಪಟ್ಟಿ ಕೊಟ್ಟರೆ, ಡಬಲ್-ಎ ಹಂತ ಮುಟ್ಟದ ಬ್ಯಾಟರ್‌ಗಳನ್ನು, ಅವರು ಎಷ್ಟೇ ಪ್ರತಿಭಾವಂತರಾಗಿರಲಿ, ಧೈರ್ಯವಾಗಿ ಹೊರಗಿಡುತ್ತೇನೆ. ಮೇಜರ್ ಲೀಗ್ ಪಿಚಿಂಗ್ ಎದುರು ಅಂಥವರನ್ನು ವರ್ಷವಿಡೀ ಸಾಕುವ ತಾಳ್ಮೆ ಸೋಲಿಗೆ ಅಂಜದ ತಂಡಗಳಿಗೆ ಮಾತ್ರ ಇರುತ್ತದೆ. ಪಿಚರ್‌ಗಳ ವಿಷಯ ಸ್ವಲ್ಪ ಬೇರೆ. ಫಲಿತಾಂಶ ತೀರ್ಮಾನವಾಗಿಹೋದ ಪಂದ್ಯಗಳ ಕೊನೆಯ ಇನಿಂಗ್ಸ್‌ಗಳಲ್ಲಿ ಅವರನ್ನು ಎಸೆಯಲು ಬಿಟ್ಟು ಅಡಗಿಸಿಕೊಳ್ಳಬಹುದು. 2000ದಲ್ಲಿ ಒಂಬತ್ತು ಇನಿಂಗ್ಸ್‌ಗೆ 6.49 ರನ್ ಕೊಡುತ್ತಿದ್ದ ಸಾಂಟಾನಾನನ್ನು ಟ್ವಿನ್ಸ್ ಹಾಗೆಯೇ ಉಳಿಸಿಕೊಂಡದ್ದು. ಆದ್ದರಿಂದ ಡಬಲ್-ಎ ಮುಟ್ಟಿದ, ಸ್ಟ್ರೈಕ್ ಎಸೆಯಬಲ್ಲ ಪಿಚರ್ ಒಬ್ಬನಿದ್ದರೆ ನಾನೂ ಆ ಮೂರನೆಯ ಕ್ಯಾಚರ್‌ನ ಹೆಸರನ್ನು ಹೊಡೆದು ಅವನದನ್ನು ಬರೆಯುತ್ತೇನೆ. ಇದು ವಿರೋಧದ ಬದಿಗೆ ಸಾಲದು ಎಂದು ಸಂಪಾದಕರಿಗೆ ಅನ್ನಿಸಿದರೆ, ಮುಂದಿನ ಸಲ ಅವರು ಬೇರೆಯವರನ್ನು ಕೇಳಬಹುದು.