ಬೀಟಲ್ಸ್ ಥರ ಕೇಳಿಸಿದರೆ ತಪ್ಪೇನು?

ಪರ

ಬೇರೆ ಬ್ಯಾಂಡಿನ ಹಾಡು ಕೇಳಿ ‘ಇದು ಬೀಟಲ್ಸ್ ಥರಾನೇ ಇದೆ’ ಅಂತ ಮೂಗು ಮುರಿಯುವವರು ಅರವತ್ತರ ದಶಕದ ಆ ಇಂಗ್ಲಿಷ್ ಬ್ಯಾಂಡನ್ನೇ ಸರಿಯಾಗಿ ಕೇಳಿಸಿಕೊಂಡಿಲ್ಲ. ಅವರ ಆ ‘ಊಊ’ ಕೂಗು ಅಮೆರಿಕದ ರಾಕ್ ಗಾಯಕ ಲಿಟಲ್ ರಿಚರ್ಡ್ ಕಡೆಯಿಂದ ಬಂದದ್ದು. ಬ್ಯಾಂಡಿನ ಲೆನನ್, ಮೆಕಾರ್ಟ್ನಿ ದನಿಗೂಡಿಸಿ ಹಾಡುವ ರೀತಿ ಅಮೆರಿಕದ ಅಣ್ಣತಮ್ಮಂದಿರ ಜೋಡಿ ಎವರ್ಲಿ ಬ್ರದರ್ಸ್‌ರಿಂದ ಕಲಿತದ್ದು. 1968ರ ‘ಬ್ಯಾಕ್ ಇನ್ ದ ಯುಎಸ್‌ಎಸ್‌ಆರ್’ ಅಂತೂ ಅಮೆರಿಕದ ಬೀಚ್ ಬಾಯ್ಸ್ ಬ್ಯಾಂಡ್ ಥರದ ಕೋರಸ್ಸನ್ನು ಬೇಕಂತಲೇ ಎತ್ತಿಕೊಂಡು ಮಾಡಿದ ತಮಾಷೆ. ಅವರು ಎತ್ತಿಕೊಂಡರೆ ಪ್ರೇರಣೆ, ಆಮೇಲೆ ಬಂದವರು ಎತ್ತಿಕೊಂಡರೆ ನಕಲು! ಇದ್ಯಾವ ನ್ಯಾಯ?

ಎಲೆಕ್ಟ್ರಿಕ್ ಲೈಟ್ ಆರ್ಕೆಸ್ಟ್ರಾ ಬ್ಯಾಂಡಿನ ‘ಮಿಸ್ಟರ್ ಬ್ಲೂ ಸ್ಕೈ’ ಕೇಳಿ, 1977ರ ಆಲ್ಬಮ್ಮಿನದು. ಒಂದೇ ಸಮನೆ ಕುಟ್ಟುವ ಪಿಯಾನೋ ಕೇಳಿದ ತಕ್ಷಣ ಮೂಲ ಯಾವುದು ಅಂತ ಗೊತ್ತಾಗಿಬಿಡುತ್ತದೆ, ಅವರೂ ಮುಚ್ಚಿಡಲು ಹೋಗಿಲ್ಲ. ಆದರೆ ಕೇಳ್ತಾ ಹೋದ ಹಾಗೆ ಪಿಟೀಲುಗಳು, ಕೋರಸ್ಸು, ಮನುಷ್ಯರ ದನಿಯನ್ನು ಯಂತ್ರದ ದನಿ ಮಾಡುವ ವೊಕೋಡರಿನ ಸದ್ದು ಒಂದರ ಮೇಲೊಂದು ಬಂದು ಸೇರಿಕೊಂಡು, ಕೊನೆಗೆ ಆ ಯಂತ್ರವೇ ‘ನನ್ನನ್ನು ಮಗುಚಿ ಹಾಕಿ’ ಅಂತ, ಒಂದು ಬದಿ ಮುಗಿದ ರೆಕಾರ್ಡಿನ ಪರವಾಗಿ ಕೇಳಿಕೊಳ್ಳುತ್ತದೆ. ಈ ಕುಚೇಷ್ಟೆ ಪೂರ್ತಿ ಆ ಬ್ಯಾಂಡಿನ ಮುಖ್ಯಸ್ಥ ಜೆಫ್ ಲಿನ್‌ದೇ. ಲೆನನ್ ಬಿಟ್ಟುಹೋದ ಹಳೇ ಕ್ಯಾಸೆಟ್ಟಿನಿಂದ ‘ಫ್ರೀ ಆಸ್ ಎ ಬರ್ಡ್’ ಕಟ್ಟಲು ಉಳಿದ ಮೂವರು ಬೀಟಲ್‌ಗಳು ಕೊನೆಗೆ ಕರೆದದ್ದೂ ಇದೇ ಲಿನ್‌ನನ್ನು. ಅದು 1995ರಲ್ಲಿ ಹೊರಬಂತು. ಅವರಿಗೇ ಇಲ್ಲದ ಸಂಕೋಚ ನಮಗ್ಯಾಕೆ?

ವಿರೋಧ

ಒಬ್ಬ ಲಿನ್‌ನ ತೋರಿಸಿ ಎಲ್ಲರನ್ನೂ ಬಚಾವ್ ಮಾಡಲು ಆಗಲ್ಲ.

ಬೀಟಲ್ಸ್ ಸದ್ದು ಅಂತ ನಾವು ಗುರುತಿಸುವುದರಲ್ಲಿ ಎಷ್ಟೋ ಪಾಲು ಒಂದು ತೊಂದರೆ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿದ್ದು. ಒಂದೇ ಸಾಲನ್ನು ಎರಡೆರಡು ಸಲ ಹಾಡಿ ದನಿ ದಪ್ಪ ಮಾಡುವುದು ಲೆನನ್‌ಗೆ ಬೇಜಾರಾಗಿತ್ತು, ಹಾಗಾಗಿ 1966ರಲ್ಲಿ ಅಬ್ಬೆ ರೋಡ್ ಸ್ಟುಡಿಯೋದ ಎಂಜಿನಿಯರ್ ಕೆನ್ ಟೌನ್‌ಸೆಂಡ್ ಎರಡನೇ ಟೇಪ್ ಯಂತ್ರ ಜೋಡಿಸಿ ಆ ಕೆಲಸವನ್ನು ಯಂತ್ರಕ್ಕೇ ವಹಿಸಿದರು. ಬೀಟಲ್ಸ್ ಡ್ರಮ್ಮರ್ ರಿಂಗೋ ಡ್ರಮ್ಮಿನ ಮೇಲೆ ಟವೆಲ್ ಹಾಸಿ ಸದ್ದು ಅದುಮಿದ. ಈಗ ಇವೆಲ್ಲ ಕಂಪ್ಯೂಟರಿನಲ್ಲಿ ರೆಡಿ ಸಿಗುತ್ತವೆ, ಸುಮ್ನೆ ಒತ್ತಿದರಾಯಿತು. ಹುಡುಕಾಟ ಅವರದು, ಫಲ ಇವರದು.

ಇನ್ನೊಂದು ನಷ್ಟ ಹಾಡುವವರಿಗೇ. ಕೆನಡಾದ ಕ್ಲಾಟೂ ಬ್ಯಾಂಡ್ 1976ರಲ್ಲಿ ತಂದ ಮೊದಲ ಆಲ್ಬಮ್ಮಿನಲ್ಲಿ ಸದಸ್ಯರ ಹೆಸರೂ ಇರಲಿಲ್ಲ, ಫೋಟೋನೂ ಇರಲಿಲ್ಲ. ಮರುವರ್ಷ ಇವರು ವೇಷ ಮರೆಸಿಕೊಂಡ ಬೀಟಲ್ಸ್ ಅಂತ ಗಾಳಿಸುದ್ದಿ ಹಬ್ಬಿ ರೆಕಾರ್ಡ್ ಜಾಸ್ತಿ ಮಾರಾಟವಾಯಿತು. ಅಲ್ಲ ಅಂತ ಗೊತ್ತಾದ ಮೇಲೆ ಜನರ ಉತ್ಸಾಹ ಇಳಿಯಿತು. ಹಾಡುಗಳು ಕೆಟ್ಟವಿದ್ದವಾ? ಇಲ್ಲ. ಕೊಂಡವರಲ್ಲಿ ಬಹಳ ಜನಕ್ಕೆ ಬೇಕಾಗಿದ್ದದ್ದೇ ಬೇರೆಯವರು, ಅಷ್ಟೇ. ಅದೇ ಆಲ್ಬಮ್ಮಿನ ‘ಕಾಲಿಂಗ್ ಆಕ್ಯುಪೆಂಟ್ಸ್’ ಹಾಡನ್ನು ಅಮೆರಿಕದ ಅಣ್ಣ-ತಂಗಿ ಜೋಡಿ ಕಾರ್ಪೆಂಟರ್ಸ್ 1977ರಲ್ಲೇ ಎತ್ತಿಕೊಂಡು ಹಿಟ್ ಮಾಡಿದರು. ಕರೆನ್ ಕಾರ್ಪೆಂಟರ್ ದನಿಯಲ್ಲಿ ಅದನ್ನು ಕೇಳುವಾಗ ಯಾರಿಗೆ ಬೀಟಲ್ಸ್ ನೆನಪಾಗುತ್ತದೆ ಹೇಳಿ.