ಸ್ಟುಟ್‌ಗಾರ್ಟ್‌ನ 14 ದಿನ, ಎಸ್‌ಪಿ ರೋಡಿನ ಟೇಬಲ್

ಹೋದ ವಾರ ದಾವಣಗೆರೆಯಿಂದ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮ, ನನ್ನ ಫ್ರೆಂಡ್ ಒಬ್ಬನಿಗೆ ಗೇಮಿಂಗ್ ಸಿಸ್ಟಮ್ ಬೇಕಂತೆ. 65,000 ಕೂಡಿಸಿಟ್ಟಿದ್ದಾನೆ. ನೀವೇ ಒಂದು ಲಿಸ್ಟ್ ಮಾಡಿಕೊಡಿ, ನನಗಾದ ಹಾಗೆ ಅವನಿಗೆ ಆಗೋದು ಬೇಡ" ಅಂದ. ಅವನಿಗೆ ಆದದ್ದು ನನಗೆ ಗೊತ್ತಿತ್ತು. ಅದೇ ತರಹದ ತಪ್ಪು ನಾನೂ ಇಲ್ಲಿ ಮಾಡಿದ್ದೆ, ಆದರೆ ನನಗೆ ಏನೂ ಆಗಲಿಲ್ಲ. ಯಾಕೆ ಅಂತ ಅವತ್ತಿಂದ ಯೋಚಿಸುತ್ತಿದ್ದೇನೆ.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಮೊದಲ ಕಂಪ್ಯೂಟರ್ ನಾನೇ ಜೋಡಿಸಿದ್ದು 2022ರ ಡಿಸೆಂಬರ್‌ನಲ್ಲಿ. ಆ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ಕ್ರಿಪ್ಟೋ ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡಿನಿಂದ ಗಳಿಸುವ ಮೈನಿಂಗ್ ನಿಂತುಹೋಗಿತ್ತು, ಅಲ್ಲಿವರೆಗೆ ಗ್ರಾಫಿಕ್ಸ್ ಕಾರ್ಡುಗಳನ್ನು ಬಾಚಿಕೊಳ್ಳುತ್ತಿದ್ದವರು ಕೈಬಿಟ್ಟಿದ್ದರು, ಹಾಗಾಗಿ ನಮ್ಮಂಥವರಿಗೂ ಕಾರ್ಡು ಕೈಗೆಟುಕುವ ಬೆಲೆಗೆ ಬಂದಿತ್ತು. ಎಎಂಡಿ ಕಂಪನಿಯ ರೈಜೆನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡು, ಆರ್‌ಎಕ್ಸ್ 6600 ಕಾರ್ಡು ಅಂತ ತೀರ್ಮಾನ ಮಾಡಿದೆ. ಒಂದೊಂದು ಒಂದೊಂದು ಪಾರ್ಸೆಲ್‌ನಲ್ಲಿ ಬಂತು. ಅಡುಗೆಮನೆ ಟೇಬಲ್ ಮೇಲೆ ಹರಡಿಕೊಂಡು ಕೂತೆ. ಎಲ್ಲ ಸರಿಯಾಗಿ ಕೂತಿತು, ಕಾರ್ಡು ಮಾತ್ರ ಕೂರಲಿಲ್ಲ. ನಾನು ತರಿಸಿದ್ದು ಮೂರು ಫ್ಯಾನಿನದು, ಉದ್ದ 282 ಮಿಲಿಮೀಟರ್. ಕ್ಯಾಬಿನೆಟ್ ಒಳಗಿದ್ದ ಜಾಗ 270. ಅದೇ ಚಿಪ್ ಇರುವ ಎರಡು ಫ್ಯಾನಿನ ಗಿಡ್ಡ ಕಾರ್ಡುಗಳೂ ಸಿಗುತ್ತವೆ. ನಾನು ಚಿಪ್ ಹೆಸರು ನೋಡಿದ್ದೆ, ಅಳತೆ ನೋಡಿರಲಿಲ್ಲ.

ಇಲ್ಲಿ ಆನ್‌ಲೈನ್‌ನಲ್ಲಿ ಕೊಂಡದ್ದನ್ನು 14 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡಬಹುದು, ಯುರೋಪಿನ ಕಾನೂನೇ ಹಾಗಿದೆ. ಕಾರ್ಡನ್ನು ಅದೇ ಡಬ್ಬಕ್ಕೆ ಹಾಕಿ ಕಳಿಸಿದೆ, ದುಡ್ಡು ಬಂತು, ಗಿಡ್ಡದ್ದು ತರಿಸಿಕೊಂಡೆ. ಒಂದು ವಾರ ಕಾದೆ, ಪಾರ್ಸೆಲ್ ಖರ್ಚು ಕೊಟ್ಟೆ, ಅಷ್ಟೇ.

ಈಗ ಅಕ್ಕನ ಮಗನ ಕತೆ ಕೇಳಿ. 2024ರ ಮಳೆಗಾಲದಲ್ಲಿ ಬೆಂಗಳೂರಿಗೆ ಹೋಗಿ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಸಿಸ್ಟಮ್ ಅಸೆಂಬಲ್ ಮಾಡಿಸಿದ. ಕೈಯಲ್ಲಿ ಇದ್ದದ್ದು ಮಾನಿಟರ್ ಸೇರಿ 50,000. ಗ್ರಾಫಿಕ್ಸ್ ಕಾರ್ಡು ದೀಪಾವಳಿಗೆ ತಗೊಳ್ಳೋಣ, ಅಲ್ಲಿವರೆಗೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ ನಡೆಸೋಣ ಅನ್ನುವುದು ಅವನ ಲೆಕ್ಕ. ಲೆಕ್ಕ ಸರಿಯಾಗೇ ಇತ್ತು. ಅಂಗಡಿಯವರು "ಕಾರ್ಡ್ ಇದೆಯಾ?" ಅಂತ ಕೇಳಿದ್ದಾರೆ, ಇವನು "ತಗೊಳ್ತೀನಿ" ಅಂದಿದ್ದಾನೆ. ಅವರು ಇಂಟೆಲ್‌ನ ಐ5-12400ಎಫ್ ಪ್ರೊಸೆಸರ್ ಹಾಕಿಕೊಟ್ಟರು. ಸಂಜೆ ಬಸ್ಸಿಗೆ ಹೊತ್ತಾಯಿತು ಅಂತ ಆನ್ ಮಾಡಿಸಿ ನೋಡದೆ ಡಬ್ಬ ಹೊತ್ತು ಊರಿಗೆ ಬಂದ. ಮನೆಯಲ್ಲಿ ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಮಾನಿಟರ್ ಮಾತ್ರ ಕತ್ತಲು. ಮೂರು ದಿನ ಕೇಬಲ್ ಬದಲಿಸಿ, ರ‍್ಯಾಮ್ ತೆಗೆದು ಹಾಕಿ ಒದ್ದಾಡಿದ್ದಾನೆ. ನನಗೆ ಫೋನ್ ಬಂದದ್ದು ನಾಲ್ಕನೇ ದಿನ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಎಫ್ ಅಂತ ಇದ್ದರೆ ಒಳಗೆ ಚಿತ್ರ ತೋರಿಸುವ ಭಾಗ ಕೆಲಸ ಮಾಡುವುದಿಲ್ಲ. ಬೋರ್ಡಿನ ಹಿಂದೆ ಎಚ್‌ಡಿಎಂಐ ಇದ್ದರೂ ಅದರಿಂದ ಏನೂ ಬರುವುದಿಲ್ಲ. ವಾಪಸ್ ಕೇಳಿದರೆ ಸೀಲ್ ಒಡೆದಿದೆ, ಆಗಲ್ಲ ಅಂದರು.

ಅಲ್ಲಿಗೆ ಮುಗಿಯಲಿಲ್ಲ. ಹಬ್ಬಕ್ಕೆ ಕಾರ್ಡು ತಂದಾಗ ಅದಕ್ಕೆ 8 ಪಿನ್ ಪವರ್ ಕೇಬಲ್ ಬೇಕಿತ್ತು. ಕ್ಯಾಬಿನೆಟ್ ಜೊತೆ ಬಂದಿದ್ದ, ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನಲ್ಲಿ ಆ ಕೇಬಲ್ಲೇ ಇರಲಿಲ್ಲ. ಮತ್ತೆ ಖರ್ಚು.

ನನ್ನ ತಪ್ಪಿಗೂ ಅವನ ತಪ್ಪಿಗೂ ಏನು ವ್ಯತ್ಯಾಸ? ಇಬ್ಬರೂ ಒಂದು ಸಣ್ಣ ವಿವರ ನೋಡಲಿಲ್ಲ. ನನ್ನ ತಪ್ಪನ್ನು ಇಲ್ಲಿನ ಕಾನೂನು ಹೊತ್ತುಕೊಂಡಿತು, ಅವನ ತಪ್ಪನ್ನು ಅವನ ಜೇಬು ಹೊತ್ತಿತು. ಜರ್ಮನಿಯವರು ನಮಗಿಂತ ಬುದ್ಧಿವಂತರು ಅಂತ ಅಲ್ಲ. ಇಲ್ಲೂ ಅಂಗಡಿಗೆ ಹೋಗಿ ಕೈಯಾರೆ ಕೊಂಡರೆ ಆ 14 ದಿನದ ಹಕ್ಕು ಇಲ್ಲ, ಅದು ದೂರದಿಂದ ತರಿಸಿದ್ದಕ್ಕೆ ಮಾತ್ರ. ಆದರೆ ಇಲ್ಲಿ ಸುಮಾರು ಜನ ತರಿಸಿಯೇ ಕೊಳ್ಳುತ್ತಾರೆ, ಹೊಂದದಿದ್ದರೆ ಕಳಿಸುತ್ತಾರೆ. ನಮ್ಮಲ್ಲಿ ಆ ಆಸರೆ ಇಲ್ಲ. ಹಾಗಿದ್ದಮೇಲೆ ನಾವು ಇಲ್ಲಿಯವರಿಗಿಂತ ಜಾಸ್ತಿ ಮುಂಚೆಯೇ ನೋಡಿಕೊಳ್ಳಬೇಕು ಅಲ್ವಾ? ನಡೆಯುತ್ತಿರುವುದು ಉಲ್ಟಾ. ಇಲ್ಲಿ ವಾಪಸ್ ಮಾಡಲು ಆಗುವವರು ವಾರಗಟ್ಟಲೆ ಅಳತೆ ನೋಡುತ್ತಾರೆ, ಅಲ್ಲಿ ವಾಪಸ್ ಮಾಡಲಾಗದವರು ಒಂದು ಮಧ್ಯಾಹ್ನದಲ್ಲಿ ಕಾಂಬೋ ತಗೊಂಡು ಬಸ್ ಹತ್ತುತ್ತಾರೆ. ಇದು ನನಗೆ ನಿಜಕ್ಕೂ ಸಂಕಟ ಕೊಡುತ್ತದೆ, ಯಾಕೆಂದರೆ ಅದು ಟ್ಯೂಷನ್ ಹೇಳಿ, ರಜೆಯಲ್ಲಿ ದುಡಿದು ಹುಡುಗರು ಕೂಡಿಸಿದ ದುಡ್ಡು.

ಆದರೆ ನಮ್ಮಲ್ಲಿ ಇರುವ ಒಂದು ಅನುಕೂಲ ನನಗೆ ಇಲ್ಲಿ ಸಿಕ್ಕಿಲ್ಲ. ಅದು ಅಂಗಡಿಯ ಟೇಬಲ್. ಎಸ್‌ಪಿ ರೋಡಿನಲ್ಲಿ ಎಲ್ಲ ಭಾಗಗಳೂ ಒಂದೇ ಕಡೆ ಒಂದೇ ಹೊತ್ತಿಗೆ ಸೇರುತ್ತವೆ, ಕೈ ಪಳಗಿದ ಹುಡುಗ ಅರ್ಧ ಗಂಟೆಯಲ್ಲಿ ಜೋಡಿಸುತ್ತಾನೆ, ನಿಮ್ಮ ಕಣ್ಣೆದುರೇ ಆನ್ ಮಾಡಿ ತೋರಿಸುತ್ತಾನೆ. ಒಂದು ಉದಾಹರಣೆ ಕೊಡುತ್ತೇನೆ. ಬಿ450 ಬೋರ್ಡುಗಳು ಬಂದದ್ದು 2018ರಲ್ಲಿ, ರೈಜೆನ್ 5000 ಪ್ರೊಸೆಸರ್‌ಗಳು ಬಂದದ್ದು 2020ರ ಕೊನೆಯಲ್ಲಿ. ಎರಡಕ್ಕೂ ಎಎಂ4 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ), ಪಿನ್ನುಗಳು ಸರಿಯಾಗಿ ಕೂರುತ್ತವೆ. ಆದರೆ ಬೋರ್ಡು ಹಳೆ ಸ್ಟಾಕ್ ಆಗಿದ್ದು ಬಯೋಸ್ (ಸಿಸ್ಟಮ್ ಎಬ್ಬಿಸಲು ಬೋರ್ಡಿನೊಳಗೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಆಗಿರದಿದ್ದರೆ ಸಿಸ್ಟಮ್ ಏಳುವುದೇ ಇಲ್ಲ. ಅಪ್‌ಡೇಟ್ ಮಾಡೋಣ ಅಂದರೆ ಸುಮಾರು ಬೋರ್ಡುಗಳಿಗೆ ಮೊದಲು ಒಂದು ಹಳೆ ಪ್ರೊಸೆಸರ್ ಹಾಕಬೇಕು. ಅಡುಗೆಮನೆಯಲ್ಲಿ ಒಬ್ಬನೇ ಕೂತ ನನ್ನ ಹತ್ತಿರ ಹಳೆ ಪ್ರೊಸೆಸರ್ ಎಲ್ಲಿಂದ ಬರಬೇಕು? ಅಂಗಡಿಯವರ ಡ್ರಾಯರ್‌ನಲ್ಲಿ ಅದು ಇರುತ್ತದೆ. ಹತ್ತು ನಿಮಿಷದ ಕೆಲಸ. ನಮ್ಮವರು ಈ ಟೇಬಲ್ಲನ್ನು ಸರಿಯಾಗಿ ಬಳಸಿಕೊಳ್ಳುತ್ತಿಲ್ಲ ಅನ್ನುವುದೇ ನನ್ನ ತಕರಾರು.

ಬಳಸಿಕೊಳ್ಳಬೇಕಾದರೆ ಅಂಗಡಿಗೆ ಹೋಗುವ ಮುಂಚೆ ಲಿಸ್ಟ್ ಕೈಯಲ್ಲಿರಬೇಕು. ಆ ಲಿಸ್ಟ್ ಎಲ್ಲಿಂದ ಶುರು ಮಾಡಬೇಕು ಅನ್ನುವುದರಲ್ಲೂ ಎರಡು ಊರಿನ ರೂಢಿ ಬೇರೆ. ನಮ್ಮಲ್ಲಿ ಮೊದಲ ಪ್ರಶ್ನೆ "ಐ5 ಆ, ಐ7 ಆ?" ಅಂತ. ಇಲ್ಲಿ ನನ್ನ ಆಫೀಸಿನ ಗೆಳೆಯ ಮೊದಲು ಕೇಳಿದ್ದು "ನಿನ್ನ ಮಾನಿಟರ್ ಯಾವುದು?" ಅಂತ. ಇದು ಸರಿಯಾದ ಪ್ರಶ್ನೆ ಅನ್ನುವುದು ನನ್ನ ಅನುಭವ. 1080ಪಿ (ಫುಲ್ ಎಚ್‌ಡಿ) ಮಾನಿಟರ್‌ನಲ್ಲಿ ಆಡುವವನಿಗೆ ಐ7 ತಗೊಂಡು ಸಣ್ಣ ಕಾರ್ಡು ಹಾಕುವುದಕ್ಕಿಂತ ಐ5 ಅಥವಾ ರೈಜೆನ್ 5 ತಗೊಂಡು ಉಳಿದ ದುಡ್ಡನ್ನು ಕಾರ್ಡಿಗೆ ಹಾಕಿದರೆ ಆಟ ಚೆನ್ನಾಗಿ ಓಡುತ್ತದೆ. ಮಾನಿಟರ್ ನೋಡಿ ಕಾರ್ಡು, ಕಾರ್ಡು ನೋಡಿ ಎಸ್‌ಎಂಪಿಎಸ್, ಆಮೇಲೆ ಪ್ರೊಸೆಸರ್ ಮತ್ತು ಬೋರ್ಡು, ಕೊನೆಗೆ ಕ್ಯಾಬಿನೆಟ್. ನಮ್ಮಲ್ಲಿ ಕೆಲವರು ಲೈಟು ಉರಿಯುವ ಕ್ಯಾಬಿನೆಟ್ ಮೊದಲು ಆರಿಸುತ್ತಾರೆ, ಬೇಡ.

ಪ್ರೊಸೆಸರ್ ಮತ್ತು ಬೋರ್ಡು ಒಂದಕ್ಕೊಂದು ಹೊಂದುವುದರಲ್ಲಿ ಎಡವುವ ಜಾಗ ಜಾಸ್ತಿ, ಇಲ್ಲಿ ಸ್ವಲ್ಪ ನಿಧಾನ ಮಾಡಿ. ಇಂಟೆಲ್‌ನ 12, 13, 14ನೇ ಜನರೇಷನ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಎಲ್‌ಜಿಎ1700 ಸಾಕೆಟ್. 10 ಮತ್ತು 11ಕ್ಕೆ ಎಲ್‌ಜಿಎ1200, ಇವೆರಡು ಬೆರೆಯುವುದಿಲ್ಲ. 1700ರ ಬೋರ್ಡುಗಳಲ್ಲೇ ಡಿಡಿಆರ್4 ರ‍್ಯಾಮಿನವು ಬೇರೆ, ಹೊಸ ತಲೆಮಾರಿನ ಡಿಡಿಆರ್5ನವು ಬೇರೆ. ಬೋರ್ಡಿನ ಹೆಸರು ಹೆಚ್ಚುಕಮ್ಮಿ ಒಂದೇ ಇರುತ್ತದೆ, ಕೊನೆಯಲ್ಲಿ ಎಲ್ಲೋ ಡಿ4 ಅಂತ ಸಣ್ಣದಾಗಿ ಇರುತ್ತದೆ. ರ‍್ಯಾಮಿನ ಕಚ್ಚು ಇರುವ ಜಾಗವೇ ಬೇರೆ, ಒತ್ತಿದರೂ ಕೂರುವುದಿಲ್ಲ, ಒತ್ತಲೂ ಬಾರದು. ಎಎಂಡಿಯಲ್ಲಿ ಎಎಂ4 ಅಂದರೆ ಡಿಡಿಆರ್4, 2022ರಲ್ಲಿ ಬಂದ ಎಎಂ5 ಅಂದರೆ ಡಿಡಿಆರ್5 ಮಾತ್ರ. ಇನ್ನು ಆ ಅಕ್ಷರಗಳ ವಿಷಯ. ಎಎಂ4ನಲ್ಲಿ ಹೆಸರಿನ ಕೊನೆಗೆ ಜಿ ಇದ್ದರೆ (5600ಜಿ ತರಹ) ಒಳಗೆ ಗ್ರಾಫಿಕ್ಸ್ ಇದೆ, ಬರೀ 5600 ಅಂತಿದ್ದರೆ ಇಲ್ಲ. ಎಎಂ5ನ 7600ನಂಥವುಗಳಲ್ಲಿ ಚಿತ್ರ ತೋರಿಸುವಷ್ಟು ಸಣ್ಣದೊಂದು ಇದೆ, 7500ಎಫ್‌ನಲ್ಲಿ ಅದೂ ಇಲ್ಲ. ಕಾರ್ಡು ಆಮೇಲೆ ತಗೊಳ್ಳುವ ಪ್ಲಾನ್ ಇರುವವರು ಈ ಒಂದು ಅಕ್ಷರವನ್ನು ಎರಡು ಸಲ ಓದಿ.

ಎಸ್‌ಎಂಪಿಎಸ್ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯ ಇದೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದನ್ನು ಗೇಮಿಂಗ್ ಸಿಸ್ಟಮ್‌ಗೆ ಹಾಕಬೇಡಿ. ಆರ್‌ಎಕ್ಸ್ 6600 ಕಾರ್ಡು 132 ವ್ಯಾಟ್ ಎಳೆಯುತ್ತದೆ, 5600 ಪ್ರೊಸೆಸರ್ ಜೋರಾಗಿ ಕೆಲಸ ಮಾಡುವಾಗ 76 ವ್ಯಾಟ್. ಬೋರ್ಡು, ಡಿಸ್ಕು, ಫ್ಯಾನು ಎಲ್ಲ ಸೇರಿ 250ರ ಹತ್ತಿರ. ಒಳ್ಳೆ ಕಂಪನಿಯ 500 ಅಥವಾ 550 ವ್ಯಾಟ್ ಧಾರಾಳ ಸಾಕು, 750 ಬೇಕಿಲ್ಲ. 80 ಪ್ಲಸ್ ಅನ್ನುವ ಗುರುತು ಎಷ್ಟು ಕರೆಂಟ್ ವ್ಯರ್ಥವಾಗುತ್ತದೆ ಅನ್ನುವುದನ್ನು ಹೇಳುತ್ತದೆ, ಒಳಗಿನ ರಕ್ಷಣೆ ಹೇಗಿದೆ ಅನ್ನುವುದನ್ನು ಹೇಳುವುದಿಲ್ಲ. ಕಾರ್ಡಿಗೆ ಬೇಕಾದ 6+2 (ಅಂದರೆ 8) ಪಿನ್ ಕೇಬಲ್ ಇದೆಯಾ ನೋಡಿ. ಇಲ್ಲದಿದ್ದರೆ ಹಳೆ ಡಿಸ್ಕ್ ಕೇಬಲ್‌ನಿಂದ ಕನ್ವರ್ಟರ್ ಹಾಕಿಕೊಡ್ತೀವಿ ಅಂದರೆ ದಯವಿಟ್ಟು ಒಪ್ಪಬೇಡಿ, ಆ ವೈರು ಬಿಸಿಯಾಗಿ ಕರಗಬಹುದು. ಕೇಬಲ್ ಬಿಚ್ಚಿ ಹಾಕುವ ಮಾಡ್ಯುಲರ್ ತರಹದ್ದಾದರೆ ಒಂದು ಕಂಪನಿಯ ಕೇಬಲ್ ಇನ್ನೊಂದಕ್ಕೆ ಹಾಕಬೇಡಿ. ತುದಿ ಹೊಂದಿದರೂ ಒಳಗಿನ ಜೋಡಣೆ ಬೇರೆ ಇರಬಹುದು, ಇಡೀ ಸಿಸ್ಟಮ್ ಸುಟ್ಟುಹೋದೀತು.

ಇಲ್ಲಿ ಯೂನಿಟ್‌ಗೆ 30 ಸೆಂಟಿಗಿಂತ ಜಾಸ್ತಿ ಕೊಡುತ್ತೇವೆ, ಹಾಗಾಗಿ ಇಲ್ಲಿನವರ ಚಿಂತೆ ಎಷ್ಟು ಕರೆಂಟ್ ಕುಡಿಯುತ್ತದೆ ಅನ್ನುವುದು. ನಮ್ಮಲ್ಲಿ ಕರೆಂಟ್ ಹೋಗಿ ಬರುವುದೇ ಚಿಂತೆ. ಯುಪಿಎಸ್ ತಗೊಳ್ಳುವಾಗ 600 ವಿಎ ಅಂತ ದೊಡ್ಡದಾಗಿ ಬರೆದಿರುತ್ತಾರೆ, ಸಾಮಾನ್ಯವಾಗಿ ಅದರಲ್ಲಿ ಸಿಗುವುದು 360 ವ್ಯಾಟ್. ಸಿಸ್ಟಮ್ ಮತ್ತು ಮಾನಿಟರ್ ಎರಡನ್ನೂ ಕೂಡಿಸಿ ಲೆಕ್ಕ ಹಾಕಿ. (ಗೃಹಜ್ಯೋತಿ ಇರುವ ಮನೆಯವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ದಿನಕ್ಕೆ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ ಸುಮಾರು 30 ಯೂನಿಟ್ ಆಯಿತು, 200 ದಾಟಿದರೆ ಪೂರ್ತಿ ಬಿಲ್ ಅಪ್ಪನ ಕೈಗೆ ಬರುತ್ತದೆ.)

ರ‍್ಯಾಮ್ 16 ಜಿಬಿಯ ಒಂದೇ ಪಟ್ಟಿಗಿಂತ 8ರ ಎರಡು ಪಟ್ಟಿ ಒಳ್ಳೆಯದು. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಬೇಕು, ಆಮೇಲೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಅದನ್ನು ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಬೇಕು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ರ‍್ಯಾಮ್ ಬೆಲೆ ಎರಡೂ ದೇಶಗಳಲ್ಲಿ ಏರಿಬಿಟ್ಟಿದೆ. ಮನೆಯಲ್ಲಿ ಯಾರದ್ದಾದರೂ ಹಳೆ ಸಿಸ್ಟಮ್‌ನ ಡಿಡಿಆರ್4 ರ‍್ಯಾಮ್ ಇದ್ದರೆ ಎಸೆಯಬೇಡಿ, ಎಎಂ4 ಬೋರ್ಡಿಗೆ ಅದನ್ನೇ ಹಾಕಬಹುದು. ಲ್ಯಾಪ್‌ಟಾಪಿನದು ಮಾತ್ರ ಆಗುವುದಿಲ್ಲ, ಅದು ಗಿಡ್ಡ.

"ಬರುವಾಗ ಜರ್ಮನಿಯಿಂದಲೇ ಒಂದು ಕಾರ್ಡ್ ತಂದುಬಿಡಿ ಮಾಮ" ಅಂತಲೂ ಕೇಳುತ್ತಾರೆ. ಇಲ್ಲಿ ತೆರಿಗೆ 19 ಪರ್ಸೆಂಟ್, ಅಲ್ಲಿ ಜಿಎಸ್‌ಟಿ 18, ಅದರಲ್ಲಿ ಉಳಿಯುವುದು ಏನೂ ಇಲ್ಲ. ಇಲ್ಲಿ ಮಾರಿದವನಿಗೆ ಎರಡು ವರ್ಷದ ಹೊಣೆ ಇದೆ, ಆದರೆ ಕಾರ್ಡು ದಾವಣಗೆರೆಯಲ್ಲಿ ಕೆಟ್ಟರೆ ಅವನ ಹತ್ತಿರ ಹೇಗೆ ತರುವುದು? ಅಲ್ಲೇ ತಗೊಳ್ಳಿ, ಜಿಎಸ್‌ಟಿ ಬಿಲ್ ಕೇಳಿ, ಅದರಲ್ಲಿ ಸೀರಿಯಲ್ ನಂಬರ್ ಬರೆಸಿ. ಬಿಲ್ ಇಲ್ಲದೆ ಸಾವಿರ ಕಡಿಮೆ ಅಂದರೆ ಆ ಸಾವಿರ ಕೊಟ್ಟೇ ಬಿಡಿ.

ಆ ಹುಡುಗನಿಗೆ ಲಿಸ್ಟ್ ಮಾಡಿ ಕಳಿಸಿದ್ದೇನೆ. ಕಾರ್ಡಿನ ಉದ್ದ, ಕೂಲರ್ ಎತ್ತರ, ಅವಕ್ಕೆ ಕ್ಯಾಬಿನೆಟ್ ಒಳಗಿರುವ ಜಾಗ, ಮೂರನ್ನೂ ಮಿಲಿಮೀಟರ್‌ನಲ್ಲಿ ಬರೆದಿದ್ದೇನೆ. ಬರುವ ಶನಿವಾರ ಬೆಳಗ್ಗೆ ಇಬ್ಬರೂ ಬೆಂಗಳೂರಿಗೆ ಹೋಗುತ್ತಾರಂತೆ. ರಾತ್ರಿ ಬಸ್ಸಿಗೇ ಟಿಕೆಟ್ ಮಾಡಿಸಿ, ಸಂಜೆಯದು ಬೇಡ ಅಂದೆ. ಅವರದೇ ಕಾರ್ಡು, ಅವರದೇ ಎಸ್‌ಎಂಪಿಎಸ್ ಹಾಕಿ ಟೇಬಲ್ ಮೇಲೆ ಆನ್ ಮಾಡಿಸಬೇಕು, ಅಂಗಡಿಯ ಬೇರೆ ಕಾರ್ಡು ಹಾಕಿ ತೋರಿಸಿದರೆ ಲೆಕ್ಕಕ್ಕಿಲ್ಲ. ಬಯೋಸ್ ಪುಟದಲ್ಲಿ ಪ್ರೊಸೆಸರ್ ಹೆಸರು, ರ‍್ಯಾಮ್ ಎರಡೂ ಪಟ್ಟಿ ಕಾಣುತ್ತಿರುವ ಫೋಟೋ ತೆಗೆದು ನನಗೆ ಕಳಿಸಿ, ನಾನು ನೋಡಿ ಹೂಂ ಅಂದಮೇಲೆ ಬಾಕಿ ದುಡ್ಡು ಕೊಡಿ ಅಂತ ಹೇಳಿದ್ದೇನೆ. ಅಲ್ಲಿ ಮಧ್ಯಾಹ್ನ ಆದಾಗ ಇಲ್ಲಿ ಬೆಳಗ್ಗೆ, ಫೋನ್ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ.