ಗೇಟು ಮುಚ್ಚಿದ ಮರುದಿನದ ಕಥೆ

ಗಂಗಾವತಿಯಲ್ಲಿ ನಾವು ಐದಾರು ಜನ ತಿಂಗಳಿಗೆ ಎರಡು ಭಾನುವಾರ ಸಂಜೆ ಒಬ್ಬರ ಮನೆಯ ಮಾಳಿಗೆಯ ಮೇಲೆ ಕೂಡುತ್ತೇವೆ. ಎಲ್ಲರೂ ಒಂದೇ ಪುಸ್ತಕವನ್ನು ಓದಿ ಬಂದು ಮಾತನಾಡಬೇಕೆಂಬುದು ಅಲ್ಲಿನ ಏಕೈಕ ನಿಯಮ. ಗುಂಪಿಗೆ ಹೆಸರಿಲ್ಲ, ಚಂದಾ ಇಲ್ಲ, ಒಗ್ಗರಣೆ ಮಿರ್ಚಿ ಮಾತ್ರ ಒಮ್ಮೆಯೂ ತಪ್ಪಿಲ್ಲ. ಅಮೆರಿಕದ ಲೇಖಕಿ ಉರ್ಸುಲಾ ಕೆ. ಲೆ ಗ್ವಿನ್ ಅವರ 'ಅರ್ಥ್‌ಸೀ' ಸರಣಿಯನ್ನು ಹೀಗೆಯೇ ಒಂದೊಂದಾಗಿ ಓದುತ್ತ ಬಂದೆವು. ಮೊದಲ ಮೂರು ಸಂಪುಟಗಳ ವಿಷಯದಲ್ಲಿ ಹೆಚ್ಚು ಕಡಿಮೆ ಒಮ್ಮತವಿತ್ತು. ನಾಲ್ಕನೆಯದಾದ 'ತೆಹಾನು' ಬಂದ ಸಂಜೆ ಗುಂಪು ಒಡೆದು ಎರಡಾಯಿತು, ಈವರೆಗೂ ಕೂಡಿಲ್ಲ. ನಾನು ಯಾವ ಕಡೆ, ಏಕೆ ಎಂಬುದನ್ನು ಬರೆದಿಡಬೇಕೆನಿಸಿದೆ. ಕಥೆಯ ಕೊನೆಯನ್ನೂ ಇಲ್ಲಿ ಬಿಟ್ಟುಕೊಡಲಿದ್ದೇನೆ, ಇನ್ನೂ ಓದದವರು ಕ್ಷಮಿಸಬೇಕು.

ಈ ಸರಣಿಯ ಲೋಕ ಸಮುದ್ರದಲ್ಲಿ ಚೆಲ್ಲಿದಂತಿರುವ ನೂರಾರು ದ್ವೀಪಗಳದು. ಅಲ್ಲಿ ಪ್ರತಿಯೊಂದಕ್ಕೂ ಒಂದು ನಿಜನಾಮವಿದೆ, ಆ ಹೆಸರು ತಿಳಿದವನಿಗೆ ಅದರ ಮೇಲೆ ಹಿಡಿತ ಸಿಗುತ್ತದೆ. 1968ರ ಮೊದಲ ಸಂಪುಟದಲ್ಲಿ ಗಾಂಟ್ ಎಂಬ ಗುಡ್ಡಗಾಡಿನ ದ್ವೀಪದ ಹುಡುಗ ಗೆಡ್ ಮಾಂತ್ರಿಕನಾಗುತ್ತಾನೆ. 1971ರ ಎರಡನೆಯದರಲ್ಲಿ ಟೆನಾರ್ ಎಂಬ ಹುಡುಗಿ ನೆಲದಡಿಯ ಕತ್ತಲ ಗುಡಿಯಿಂದ ಅವನೊಡನೆ ಹೊರಬರುತ್ತಾಳೆ. ಚಿಕ್ಕಂದಿನಲ್ಲೇ ಅವಳ ಹೆಸರನ್ನು ಕಿತ್ತುಕೊಂಡು ಅವಳನ್ನು ಅಲ್ಲಿ ಪೂಜಾರಿಣಿ ಮಾಡಿರುತ್ತಾರೆ. 1972ರ ಮೂರನೆಯದರಲ್ಲಿ ಜೀವ ಮತ್ತು ಸಾವಿನ ನಡುವೆ ಒಬ್ಬ ದುರಾಸೆಯ ಮಾಂತ್ರಿಕ ತೂತು ಕೊರೆದಿದ್ದಾನೆ, ಅದರೊಳಗಿಂದ ಲೋಕದ ಮಂತ್ರ, ಹಾಡು, ಕಸುಬು, ಬಣ್ಣ ಎಲ್ಲವೂ ಸೋರಿ ಹೋಗುತ್ತಿವೆ. ಆ ಹೊತ್ತಿಗೆ ಮಾಂತ್ರಿಕರಿಗೆಲ್ಲ ಹಿರಿಯನಾಗಿರುವ ಗೆಡ್ ತನ್ನ ಶಕ್ತಿಯನ್ನೆಲ್ಲ ಸುರಿದು ಆ ತೂತನ್ನು ಮುಚ್ಚುತ್ತಾನೆ, ಮುಚ್ಚಿ ಬರಿದಾಗುತ್ತಾನೆ.

ನಾವು ಈ ಮೂರನೆಯ ಸಂಪುಟವನ್ನು ಓದುತ್ತಿದ್ದಾಗಲೇ, 2024ರ ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಕೊಂಡು ಹೋಯಿತು. ತುಂಬಿ ನಿಂತಿದ್ದ ನೀರಿನ ಒತ್ತಡ ತಗ್ಗಿಸುವುದಕ್ಕೆ ಉಳಿದ ಗೇಟುಗಳನ್ನೂ ಎತ್ತಿ, ನಮ್ಮ ಬೆಳೆಯ ನೀರನ್ನು ನಮ್ಮ ಕಣ್ಣೆದುರೇ ನದಿಗೆ ಬಿಡಬೇಕಾಯಿತು. ಮರುದಿನ ಭಾನುವಾರ, ನಮ್ಮ ಸರದಿಯ ಭಾನುವಾರವೇ. ಪುಸ್ತಕವನ್ನು ಯಾರೂ ತೆರೆಯಲಿಲ್ಲ. ವಾರ ಕಳೆದು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್‌ಗಳನ್ನು, ಅಂದರೆ ಹೋದ ಗೇಟಿನ ಜಾಗದಲ್ಲಿ ನೀರು ತಡೆಯುವ ಉಕ್ಕಿನ ಅಡ್ಡಹಲಗೆಗಳನ್ನು, ಇಳಿಸಿದ ಸುದ್ದಿ ಬಂದ ಮೇಲೆ ಮತ್ತೆ ಕೂಡಿದಾಗ, ಬೀಜ-ಗೊಬ್ಬರದ ಅಂಗಡಿಯ ಗೆಳೆಯ "ನಿಮ್ಮ ಗೆಡ್ ಇಳಿಸಿದ್ದೂ ಸ್ಟಾಪ್‌ಲಾಗ್ ಅಲ್ಲೇನ್ರಿ?" ಎಂದುಬಿಟ್ಟ. ಇಡೀ ಸಂಪುಟದ ಬಗ್ಗೆ ನಾವು ಆಡಿದ ಮಾತುಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿರಲಿಲ್ಲ.

'ತೆಹಾನು' ಶುರುವಾಗುವುದು ಗೇಟು ಮುಚ್ಚಿದ ಮರುದಿನ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಓದುಗರು 18 ವರ್ಷ ಕಾದರು, ಏಕೆಂದರೆ ಇದು ಪ್ರಕಟವಾದದ್ದು 1990ರಲ್ಲಿ. ಗೆಡ್‌ನ ಪಾಲಿಗೆ ಮಾತ್ರ ನಡುವೆ ಬಿಡುವೇ ಇಲ್ಲ. ಮೂರನೆಯ ಪುಸ್ತಕದ ಕೊನೆಯಲ್ಲಿ ಕಲೆಸಿನ್ ಎಂಬ ಮುದಿ ಡ್ರ್ಯಾಗನ್ ಅವನನ್ನು ಬೆನ್ನ ಮೇಲೆ ಹೊತ್ತು ಹಾರುತ್ತದೆ, ನಾಲ್ಕನೆಯದರಲ್ಲಿ ಅದೇ ಹಾರಾಟ ಗಾಂಟ್‌ನ ಬಂಡೆಯ ಮೇಲೆ ಇಳಿಯುತ್ತದೆ. ಇಳಿಸಿಕೊಳ್ಳಲು ಅಲ್ಲಿ ನಿಂತಿರುವವಳು ಟೆನಾರ್. ಅವಳೀಗ ನಡುವಯಸ್ಸಿನ ವಿಧವೆ, ಒಬ್ಬ ರೈತನ ಸಂಸಾರ ಮಾಡಿ ಇಬ್ಬರು ಮಕ್ಕಳನ್ನು ಹೆತ್ತು ಬೆಳೆಸಿದವಳು. ಅವಳ ಜೊತೆಗೆ ಥೆರ್ರು ಎಂಬ ಮಗುವಿದೆ. ಸ್ವಂತದವರೇ ಹೊಡೆದು ಬೆಂಕಿಗೆ ನೂಕಿದ್ದರಿಂದ ಮುಖದ ಒಂದು ಮಗ್ಗುಲೂ ಒಂದು ಕಣ್ಣೂ ಒಂದು ಕೈಯೂ ಸುಟ್ಟುಹೋದ ಮಗು ಅದು.

ನಮ್ಮ ಗುಂಪಿನ ಇಂಜಿನಿಯರಿಂಗ್ ಓದುವ ಹುಡುಗನ ತಕರಾರನ್ನು ಅವನ ಮಾತಿನಲ್ಲೇ ಕೊಡುವುದು ನ್ಯಾಯ. "ಇದರಾಗ ಏನೂ ಆಗೂದಿಲ್ಲಲ್ರೀ ಸರ. ಮೂರು ಪುಸ್ತಕ ಸಮುದ್ರ ತಿರುಗಿದ ಮನಿಷಾ ಇಲ್ಲಿ ಬಂದು ಆಡು ಮೇಯಿಸ್ತಾನ. ಹೆಂಗಸರು ಅಡಿಗಿ ಮಾಡ್ತಾರ, ನೂಲ್ತಾರ, ಮಾತಾಡ್ತಾರ." ಇದು ಅವನೊಬ್ಬನ ಮಾತಲ್ಲ. ಸಾಹಸದ ಸರಣಿಯೆಂದು ಕೈಗೆತ್ತಿಕೊಂಡ ಎಷ್ಟೋ ಓದುಗರು ಈ ಪುಸ್ತಕದ ಮೇಲೆ ಇದೇ ಆಪಾದನೆ ಹೊರಿಸುತ್ತ ಬಂದಿದ್ದಾರೆ. ಅದೇ ಪುಸ್ತಕಕ್ಕೆ ನೆಬ್ಯುಲಾ ಪ್ರಶಸ್ತಿಯೂ ಬಂದಿದೆ, ಆದರೆ ಪ್ರಶಸ್ತಿಯನ್ನು ತೋರಿಸಿ ಓದುಗನ ಬಾಯಿ ಮುಚ್ಚಿಸುವುದು ನನಗೆ ಸರಿಬರದು.

ಆಡಿನ ಮಾತು ಬಂದದ್ದರಿಂದ ಒಂದನ್ನು ನೆನಪಿಸಲೇಬೇಕು. ಈ ಸರಣಿ ಹುಟ್ಟಿದ್ದೇ ಆಡುಗಳ ನಡುವೆ. ಮೊದಲ ಸಂಪುಟದಲ್ಲಿ ಗೆಡ್ ಕಲಿತ ಮೊಟ್ಟಮೊದಲ ಮಂತ್ರ ಆಡುಗಳನ್ನು ಕರೆಯುವ ಮಂತ್ರ, ಕಲಿಸಿದವಳು ಊರಿನ ಮಾಟಗಾತಿಯಾಗಿದ್ದ ಅವನ ಚಿಕ್ಕಮ್ಮ. ನಾಲ್ಕನೆಯದರಲ್ಲಿ ಅವನು ಅದೇ ದ್ವೀಪದ ಅದೇ ಗುಡ್ಡಕ್ಕೆ ಮರಳಿ, ಮಂತ್ರವಿಲ್ಲದೆ, ಕೋಲು ಹಿಡಿದು, ಗಂಟಲು ಹರಿಯುವಂತೆ ಕೂಗಿ ಆಡು ಮೇಯಿಸುತ್ತಾನೆ. ಹುಡುಗನಿಗೆ ಇದು ಕಥೆ ನಿಂತುಹೋದಂತೆ ಕಂಡಿತು. ನನಗೆ ಬಹಳ ದೂರ ಹೋದ ದೋಣಿ ದಡ ಮುಟ್ಟಿದಂತೆ ಕಂಡಿತು.

ಹುಡುಗನಿಗೆ ಇನ್ನೂ ಹೆಚ್ಚು ಸಿಟ್ಟು ತರಿಸಿದ್ದು ಗೆಡ್ ಅಡಗಿ ಕೂರುವ ಭಾಗ. ಅವನೇ ದಾರಿ ತೋರಿ ಸಿಂಹಾಸನಕ್ಕೆ ಮುಟ್ಟಿಸಿದ ಯುವರಾಜ ಲೆಬಾನೆನ್, ಅವನನ್ನು ಗೌರವದಿಂದ ಕರೆತರಲು ಜನರನ್ನು ಕಳಿಸಿದರೆ, ಗೆಡ್ ಅವರ ಕಣ್ಣಿಗೆ ಬೀಳದೆ ಗುಡ್ಡದ ಮೇಲಕ್ಕೆ ಓಡಿಹೋಗುತ್ತಾನೆ. "ಹೀರೋ ಹಿಂಗ ಮಾಡ್ತಾನೇನ್ರಿ?" ಎಂದು ಹುಡುಗ ಕೇಳಿದಾಗ ನನಗೆ ಉತ್ತರ ಹೊಳೆದದ್ದು ಪುಸ್ತಕದಿಂದಲ್ಲ, ನಮ್ಮ ಮನೆಯಿಂದ.

ನಮ್ಮ ತಂದೆಯವರು ಎಡದಂಡೆ ಕಾಲುವೆಯ ಒಂದು ಉಪಕಾಲುವೆಯಲ್ಲಿ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದರು. ಸಂಬಳ ಸಣ್ಣದು, ಆದರೆ ಕೆಳಭಾಗದ ರೈತರು ಮಧ್ಯರಾತ್ರಿ ಬಂದು ಬಾಗಿಲು ಬಡಿದು "ಒಂದು ತಾಸು ನೀರು ಬಿಡಿಸ್ರೀ ಅಣ್ಣಾರ" ಎಂದು ಕೈಮುಗಿದು ನಿಲ್ಲುತ್ತಿದ್ದುದನ್ನು ನಾನು ಹೊದಿಕೆಯೊಳಗಿಂದ ಎಷ್ಟೋ ಸಲ ನೋಡಿದ್ದೇನೆ. ನಿವೃತ್ತರಾದ ಮೇಲೆ ಆ ಬಾಗಿಲು ಬಡಿಯುವ ಸದ್ದು ನಿಂತಿತು. ಸಂತೆಗೆ ಹೋಗಲು ಕಾಲುವೆಯ ಏರಿಯ ಮೇಲಿನ ದಾರಿ ಹತ್ತಿರದ್ದಾದರೂ ಅವರು ಬಳಸು ದಾರಿ ಹಿಡಿಯತೊಡಗಿದರು. ಹಳಬರು ಎದುರಾಗಿ ನಮಸ್ಕಾರ ಮಾಡಿದರೂ ಅವರಿಗೆ ಸಂಕಟ, ಮಾಡದಿದ್ದರೂ ಸಂಕಟ. ಅವ್ವ ಅಕ್ಕಿ ಆರಿಸುವಾಗ ಮೊರ ತಾವೇ ತೆಗೆದುಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಕಲ್ಲಿಗಿಂತ ಅಕ್ಕಿಯನ್ನೇ ಹೆಚ್ಚು ಚೆಲ್ಲುತ್ತಿದ್ದರು. ಗೆಡ್ ಗುಡ್ಡ ಹತ್ತಿ ಓಡಿದ ಪುಟಗಳಲ್ಲಿ ನಾನು ಅವರನ್ನು ಕಂಡೆ. ಇಪ್ಪತ್ತೈದರ ವಯಸ್ಸಿನಲ್ಲಿ ಇದೇ ಪುಸ್ತಕವನ್ನು ಅರ್ಧಕ್ಕೆ ಬಿಟ್ಟಿದ್ದೆನೆಂಬುದನ್ನೂ ಒಪ್ಪಿಕೊಳ್ಳುತ್ತೇನೆ, ಆಗ ತಂದೆಯವರು ಇನ್ನೂ ಕೆಲಸದಲ್ಲಿದ್ದರು.

ಗುಂಪಿನಲ್ಲಿ ಈ ಪುಸ್ತಕದ ಪರ ಗಟ್ಟಿಯಾಗಿ ನಿಂತವರು ನಿವೃತ್ತ ಶಿಕ್ಷಕಿಯೊಬ್ಬರು, ನಾವೆಲ್ಲ ಅಕ್ಕಾರು ಎನ್ನುತ್ತೇವೆ. ಮೊದಲ ಮೂರು ಸಂಪುಟಗಳನ್ನು ಅವರು ಮೆಚ್ಚಿದರೂ ಒಂದು ಕೊರತೆಯನ್ನು ಆಗಲೇ ಎತ್ತಿದ್ದರು. ರೋಕ್ ದ್ವೀಪದ ಮಂತ್ರವಿದ್ಯೆಯ ಶಾಲೆಗೆ ಗಂಡುಮಕ್ಕಳಿಗಷ್ಟೇ ಪ್ರವೇಶ, ಹೆಂಗಸರ ಮಂತ್ರ ದುರ್ಬಲ ಮತ್ತು ಕೇಡಿನದು ಎಂಬ ಗಾದೆಗಳು ಗಾಂಟ್‌ನಲ್ಲಿ ಚಾಲ್ತಿಯಲ್ಲಿವೆ, ಲೇಖಕಿ ಅವನ್ನು ಪ್ರಶ್ನಿಸದೆ ದಾಟಿಹೋಗಿದ್ದಾರೆ. ನಾಲ್ಕನೆಯದರಲ್ಲಿ ಲೆ ಗ್ವಿನ್ ತಮ್ಮ ಲೋಕವನ್ನು ತಾವೇ ತಿರುಗಿ ನೋಡಿದರು. ವೀರರ ಕಥೆಯೆಂದರೆ ಗಂಡಸರ ಕಥೆ ಎಂಬ ಸಂಪ್ರದಾಯದೊಳಗೇ ಮೊದಲ ಮೂರನ್ನು ಬರೆದಿದ್ದೆ ಎಂದು 1992ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಭಾಷಣದಲ್ಲಿ ಅವರೇ ಒಪ್ಪಿಕೊಂಡರು. ಹಳೆಯದನ್ನು ತಿದ್ದಿ ಮರುಮುದ್ರಿಸುವ ಸುಲಭದ ದಾರಿ ಅವರು ಹಿಡಿಯಲಿಲ್ಲ, ಅದೇ ದ್ವೀಪವನ್ನು ಅಡುಗೆಮನೆಯ ಬಾಗಿಲಿನಿಂದ ತೋರಿಸಿದರು.

ಓಗಿಯನ್ ಎಂಬ ವೃದ್ಧ ಮಾಂತ್ರಿಕನ ಸಾವಿನ ದೃಶ್ಯವನ್ನು ಅಕ್ಕಾರು ಅಂದು ಗಟ್ಟಿಯಾಗಿ ಓದಿದರು. ಸಾಯುವ ಮುನ್ನ ಅವನು ತನ್ನ ನಿಜನಾಮವನ್ನು ಟೆನಾರ್‌ಳ ಕಿವಿಯಲ್ಲಿ ಹೇಳಿರುತ್ತಾನೆ. ಆಮೇಲೆ ಬಂದ ಇಬ್ಬರು ಮಾಂತ್ರಿಕರು ಹೆಣದ ಮುಂದೆಯೇ ಅವನ ಹೆಸರು ತಿಳಿಯದೆಂದು ಪೇಚಾಡುತ್ತಾರೆ, ಎಲ್ಲಿ ಹೂಳಬೇಕೆಂದು ವಾದಿಸುತ್ತಾರೆ. ಬಲ್ಲವಳು ಪಕ್ಕದಲ್ಲೇ ನಿಂತು ಹೇಳಿದರೂ ಅವರ ಕಿವಿಗೆ ಬೀಳುವುದಿಲ್ಲ. ಓದಿ ಮುಗಿಸಿ ಅಕ್ಕಾರು ನಕ್ಕರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ಒಡಪಿನಲ್ಲಿ ಮುಚ್ಚಿಟ್ಟು ಹೇಳುವ ಹೆಂಗಸರ ನಡುವೆ ಬೆಳೆದವರಿಗೆ, ಹೆಸರಿನಲ್ಲಿ ಶಕ್ತಿಯಿದೆ ಎಂಬ ಈ ಲೋಕದ ಕಟ್ಟಳೆಯನ್ನು ಯಾರೂ ವಿವರಿಸಬೇಕಿಲ್ಲ ಎಂದರು. ನಮ್ಮ ದೊಡ್ಡಾಟದಲ್ಲಿ ರಂಗಕ್ಕೆ ಬಂದ ರಾಜ "ಭಲಾ ಸಾರಥಿ" ಎಂದು ತನ್ನ ಹೆಸರು, ಊರು, ಬಿರುದುಗಳನ್ನೆಲ್ಲ ಮುಗಿಲು ಮುಟ್ಟುವಂತೆ ಸಾರುತ್ತಾನೆ. ಅರ್ಥ್‌ಸೀಯಲ್ಲಿ ಅದು ತಿರುವುಮುರುವಾಗಿ, ಹೆಸರು ಹೇಳುವುದೆಂದರೆ ತನ್ನ ಜೀವವನ್ನೇ ಇನ್ನೊಬ್ಬರ ಕೈಗೆ ಕೊಟ್ಟಂತೆ.

ಹುಡುಗ ಆಗಲೂ ಬಿಡದೆ, ಇಷ್ಟೊಂದು ಅಡುಗೆ, ಪಾತ್ರೆ, ಕಸಬರಿಗೆಯ ವಿವರ ಏಕೆಂದು ಕೇಳಿದ. ಸಮುದ್ರದಿಂದ ಮರಳಿದ ಟೆನಾರ್‌ಳ ಮಗ ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು ಏಳುವ ಪುಟ ಅವನಿಗೆ ಶುದ್ಧ ಕಾಲಹರಣವೆನಿಸಿತ್ತು. ಅಕ್ಕಾರು ಮಿರ್ಚಿಯ ತಟ್ಟೆಯನ್ನು ಅವನ ಮುಂದೆ ಸರಿಸಿ, "ನೀ ಉಂಡ ಗಂಗಾಳ ಯಾವತ್ತಾದ್ರೂ ತೊಳ್ದೀಯೇನಪಾ?" ಎಂದು ಮೆತ್ತಗೆ ಕೇಳಿದರು. ಅವನಿಗೆ ಉತ್ತರ ತೋಚಲಿಲ್ಲ, ನನಗೂ ಮಾಳಿಗೆಯ ಆಚೆ ನೋಡುವುದು ಅನುಕೂಲವೆನಿಸಿತು.

ಇಷ್ಟಾದರೂ ಪುಸ್ತಕ ಏನೂ ಆಗದ ಪುಸ್ತಕವಲ್ಲ. ರಾತ್ರಿ ಟೆನಾರ್‌ಳ ಮನೆಗೆ ನುಗ್ಗಲು ಬಂದ ದುಷ್ಟರನ್ನು ಗೆಡ್ ಹುಲ್ಲು ಎತ್ತುವ ಕವೆಗೋಲಿನಿಂದ ಎದುರಿಸುವ ಪ್ರಸಂಗದಲ್ಲಿ ನನ್ನ ಎದೆ ಬಡಿದಷ್ಟು ಡ್ರ್ಯಾಗನ್‌ಗಳ ಕಾಳಗದಲ್ಲಿ ಬಡಿದಿರಲಿಲ್ಲ. ಇನ್ನೊಂದು ದೃಶ್ಯವಂತೂ ಇಡೀ ಸರಣಿಯ ಬೀಗದ ಕೈ. ಊರಿನ ಮುದಿ ನೇಕಾರನೊಬ್ಬನ ಮನೆಯಲ್ಲಿ ಒಂದು ಹಳೆಯ ಬೀಸಣಿಗೆ ಇದೆ. ಒಂದು ಮಗ್ಗುಲಲ್ಲಿ ನಗರದ ಗಂಡಸರು ಹೆಂಗಸರು, ಇನ್ನೊಂದು ಮಗ್ಗುಲಲ್ಲಿ ಡ್ರ್ಯಾಗನ್‌ಗಳು. ಬೆಳಕಿಗೆ ಅಡ್ಡ ಹಿಡಿದರೆ ಎರಡೂ ಚಿತ್ರ ಒಂದಾಗಿ, ಮನುಷ್ಯರಿಗೆ ರೆಕ್ಕೆ ಮೂಡುತ್ತದೆ, ಡ್ರ್ಯಾಗನ್‌ಗಳು ಮನುಷ್ಯರ ಕಣ್ಣಿನಿಂದ ನೋಡುತ್ತವೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ತಂಡದ ತೊಗಲು ಗೊಂಬೆಯಾಟವನ್ನು ಚಿಕ್ಕಂದಿನಲ್ಲಿ ನೋಡುವಾಗ, ಪರದೆಯ ಹಿಂದಕ್ಕೆ ನುಸುಳಿ ಗೊಂಬೆಯನ್ನು ಕೈಯಲ್ಲಿ ಹಿಡಿದಿದ್ದೆ. ಕೈಯಲ್ಲಿದ್ದಾಗ ಮಂಕು ತೊಗಲಿನ ತುಂಡು, ದೀಪದ ಮುಂದೆ ಹಿಡಿದ ಕೂಡಲೇ ಕೆಂಪು, ಹಸಿರು ಉರಿದೆದ್ದ ಹನುಮಂತ. ಬೀಸಣಿಗೆಯ ಪುಟ ಓದುವಾಗ ಬೆರಳಿಗೆ ಆ ತೊಗಲೇ ತಗುಲಿದಂತಾಯಿತು.

ಹಾಗೆಂದು ಹುಡುಗನ ಎಲ್ಲ ಆಕ್ಷೇಪಗಳನ್ನೂ ನಾನು ತಳ್ಳಿಹಾಕಲಾರೆ. ಕೇಡಿಗರಿಗೆ ಈ ಪುಸ್ತಕದಲ್ಲಿ ಒಳಮನಸ್ಸೇ ಇಲ್ಲ. ಮಗುವನ್ನು ಸುಟ್ಟವರೂ, ಹೆಂಗಸೆಂದರೆ ಉರಿದುಬೀಳುವ ಮಾಂತ್ರಿಕನೂ ಬರೀ ಕೇಡಿನ ಮೂಟೆಗಳಾಗಿ ಬಂದು ಹೋಗುತ್ತಾರೆ. ಮೊದಲ ಸಂಪುಟದಲ್ಲಿ ವೈರಿಯನ್ನು ನಾಯಕನ ಒಳಗೇ ತೋರಿಸಿದ್ದ ಲೇಖಕಿಗೆ ಇದು ಕಡಿಮೆಯೇ. ಕೊನೆಯದಂತೂ ಅವಸರದ್ದು. ಟೆನಾರ್ ಮತ್ತು ಗೆಡ್ ಆ ಮಾಂತ್ರಿಕನ ವಶದಲ್ಲಿ ಸಿಕ್ಕಿ ಸಾವಿನಂಚಿಗೆ ಬಂದು ನಿಂತಾಗ, ಥೆರ್ರು ಕರೆದ ಕೂಡಲೇ ಕಲೆಸಿನ್ ಹಾರಿ ಬಂದು ಕೆಲವೇ ಸಾಲುಗಳಲ್ಲಿ ಎಲ್ಲವನ್ನೂ ಸುಟ್ಟು ಮುಗಿಸುತ್ತದೆ. ಮಗುವಿನ ನಿಜನಾಮವೇ ತೆಹಾನು ಎಂದು ಗೊತ್ತಾಗುವುದೂ ಅಲ್ಲಿಯೇ. ಬೀಸಣಿಗೆಯಲ್ಲಿ ಇದರ ಸೂಚನೆ ಇತ್ತಲ್ಲ ಎಂದು ಅಕ್ಕಾರು ವಾದಿಸಿದರು. ಸೂಚನೆ ಇತ್ತು ನಿಜ, ಆದರೆ ಇನ್ನೂರು ಪುಟ ಮುಂಗೈ ಬಲದಿಂದ ಬದುಕಿದವರನ್ನು ಕೊನೆಗೆ ಮುಗಿಲಿನಿಂದ ಇಳಿದು ಬಂದವರು ಕಾಪಾಡಿದ್ದು ನನಗೆ ಈಗಲೂ ಹಿಡಿಸಿಲ್ಲ.

ಮೊದಲ ಮುದ್ರಣದಲ್ಲಿ ಇದನ್ನು ಅರ್ಥ್‌ಸೀಯ ಕೊನೆಯ ಪುಸ್ತಕ ಎಂದೇ ಕರೆದಿದ್ದರು. ಆ ಮಾತನ್ನು ಲೇಖಕಿಯೇ ಮುರಿದು, 2001ರಲ್ಲಿ ಒಂದು ಕಥಾಸಂಕಲನವನ್ನೂ ಇನ್ನೊಂದು ಕಾದಂಬರಿಯನ್ನೂ ಕೊಟ್ಟರು. ಅವನ್ನು ಓದುವುದಿಲ್ಲವೆಂದೂ ತನ್ನ ಲೆಕ್ಕದಲ್ಲಿ ಸರಣಿ ಮೂರಕ್ಕೇ ಮುಗಿಯಿತೆಂದೂ ಹುಡುಗ ಹಟ ಹಿಡಿದಿದ್ದಾನೆ. ಅಕ್ಕಾರು ಎರಡನ್ನೂ ತರಿಸಿ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ 'ತೆಹಾನು'ವಿನ ಮುದ್ರಿತ ಪ್ರತಿ ಇರುವುದು ಒಂದೇ, ಉಳಿದವರು ಮೊಬೈಲಿನಲ್ಲಿ ಓದಿದವರು. ಅದು ಸದ್ಯ ಬೀಜ-ಗೊಬ್ಬರದ ಅಂಗಡಿಯ ಗೆಳೆಯನ ಗಲ್ಲಾಪೆಟ್ಟಿಗೆಯ ಮೇಲಿದೆ. ಮೂವತ್ತನೆಯ ಪುಟದಲ್ಲಿ ಡಿಎಪಿ ರಸೀದಿಯನ್ನು ಗುರುತಿಗೆ ಇಟ್ಟಿದ್ದಾನೆ, ಎರಡನೇ ಬೆಳೆಯ ನಾಟಿ ಮುಗಿಯುವವರೆಗೆ ಅಭಿಪ್ರಾಯ ಕೇಳಬೇಡಿ ಎಂದಿದ್ದಾನೆ.